ಮಾಸ್ತರ ಪ್ರಿಂಟರಿನಲ್ಲಿ ಸಿಕ್ಕ ಅಗುಳು

೧೯೯೫ರಲ್ಲಿ ನಾನು ಕಾರವಾರದಲ್ಲಿ ಪ್ರಿಂಟರ್ ರಿಪೇರಿ ಮಾಡುವ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಎಂಜಿನಿಯರ್ ಎಂಬುದು ಕಾರ್ಡಿನ ಮೇಲಿನ ಮಾತು, ಓದಿದ್ದು ಡಿಪ್ಲೊಮಾ. ಹುಬ್ಬಳ್ಳಿಯ ಒಂದು ಕಂಪನಿಯ ಪರವಾಗಿ ಕಾರವಾರ ಮತ್ತು ಅಂಕೋಲಾ ಎರಡು ತಾಲೂಕುಗಳಿಗೆ ನಾನೊಬ್ಬನೇ ಗತಿ. ಬೆಳಿಗ್ಗೆ ಹಣಕೋಣದ ಮನೆಯಿಂದ ಬಸ್ಸು ಹಿಡಿದು ಹೊರಟರೆ ಸಂಜೆಯವರೆಗೂ ಕಚೇರಿಯಿಂದ ಕಚೇರಿಗೆ ಅಲೆದಾಟ. ಹೆಗಲ ಚೀಲದಲ್ಲಿ ಸ್ಕ್ರೂಡ್ರೈವರ್, ಚಿಮಟ, ಸ್ಪಿರಿಟ್ ಬಾಟಲಿ, ಹಾಳಾದ ಯಂತ್ರಗಳಿಂದ ಬಿಚ್ಚಿಟ್ಟುಕೊಂಡ ಬಿಡಿಭಾಗಗಳ ಒಂದು ತಗಡಿನ ಡಬ್ಬಿ ಇರುತ್ತಿದ್ದವು.

ಆಗಿನವು ಬಹುತೇಕ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು. ಸಣ್ಣ ಸೂಜಿಗಳು ಶಾಯಿಯ ರಿಬ್ಬನ್ನಿಗೆ ಬಡಿದು ಕಾಗದದ ಮೇಲೆ ಚುಕ್ಕೆ ಮೂಡಿಸುತ್ತವೆ, ಚುಕ್ಕೆ ಸೇರಿ ಅಕ್ಷರವಾಗುತ್ತದೆ. ಸದ್ದು ಪಕ್ಕದ ಮನೆಗೂ ಕೇಳಿಸುವಷ್ಟು. ಕಾಗದ ಬಿಡಿ ಹಾಳೆಯಲ್ಲ, ಮಡಿಕೆ ಮಡಿಕೆಯಾಗಿ ಪೆಟ್ಟಿಗೆಯಲ್ಲಿ ಬರುವ ಉದ್ದನೆಯ ಒಂದೇ ಹಾಳೆ. ಅದರ ಎರಡೂ ಅಂಚಿನಲ್ಲಿ ಸಾಲು ತೂತುಗಳು. ಯಂತ್ರದ ಹಲ್ಲುಗಳು ಆ ತೂತಿಗೆ ಸಿಕ್ಕಿಕೊಂಡು ಕಾಗದವನ್ನು ಮೇಲಕ್ಕೆಳೆಯುತ್ತವೆ. ಒಂದು ತೂತು ತಪ್ಪಿದರೂ ಕಾಗದ ಓರೆಯಾಗಿ, ಮುದುಡಿ, ಒಳಗೇ ಸಿಕ್ಕಿಬೀಳುತ್ತದೆ. ಪೇಪರ್ ಜಾಮ್ ಎಂದರೆ ಇದೇ.

ನನಗೆ ಬರುತ್ತಿದ್ದ ದೂರುಗಳಲ್ಲಿ ಮುಕ್ಕಾಲು ಪಾಲು ಜಾಮ್‌ನವೇ. ತಾನೇ ಕಾರಣ ಎಂದು ಒಪ್ಪಿಕೊಂಡ ಒಬ್ಬ ಪುಣ್ಯಾತ್ಮನನ್ನೂ ನಾನು ಕಾಣಲಿಲ್ಲ. ಎಲ್ಲರದ್ದೂ 'ಮಷೀನೇ ಸರಿ ಇಲ್ಲ' ಎಂಬ ಒಂದೇ ರಾಗ. ಬಿಚ್ಚಿ ನೋಡಿದರೆ ಒಬ್ಬರು ಹೊಲಿಗೆ ಯಂತ್ರಕ್ಕೆ ಬಿಡುವಂತೆ ರಬ್ಬರ್ ರೋಲರಿಗೆ ತೆಂಗಿನೆಣ್ಣೆ ಬಿಟ್ಟಿರುತ್ತಿದ್ದರು. ಆಯುಧಪೂಜೆ ಮುಗಿದ ವಾರ ಯಾವ ಯಂತ್ರ ತೆರೆದರೂ ಒಳಗೆ ಅಕ್ಷತೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸಾಹೇಬರು, ಗುಮಾಸ್ತರು ಎಂದು ನೋಡದೆ, ಕಾರಣವನ್ನು ಚಿಮಟದಲ್ಲಿ ಹಿಡಿದೆತ್ತಿ ಅವರ ಮುಖದ ಮುಂದೆ ಹಿಡಿಯುತ್ತಿದ್ದೆ. ಅದರಲ್ಲಿ ನನಗೊಂದು ಸುಖವಿತ್ತು.

ಆ ವರ್ಷ ಬೇಸಿಗೆಯಲ್ಲಿ ಅಂಕೋಲೆಯ ಹತ್ತಿರದ ಬೊಬ್ರುವಾಡದಿಂದ ಕರೆ ಬಂತು. ಮನೆಯಲ್ಲಿ ಪ್ರಿಂಟರ್ ಇದೆ ಎಂದಾಗ ಯಾರೋ ದುಡ್ಡಿನ ಕುಳ ಎಂದುಕೊಂಡೆ. ಹೋಗಿ ನೋಡಿದರೆ ಸಾದಾ ಹಂಚಿನ ಮನೆ, ಅಂಗಳದಾಚೆ ಹರಿವೆ ಬೆಳೆದ ಮಡಿಗಳು. ಪ್ರಿಂಟರ್ ಇದ್ದದ್ದು ಅಡುಗೆಮನೆಯಲ್ಲಿ, ಒಲೆಯಿಂದ ನಾಲ್ಕು ಮೊಳ ದೂರದ ಒಂದು ಸ್ಟೂಲಿನ ಮೇಲೆ. ಒಲೆಯ ಮೇಲೆ ಕುಚ್ಚಲಕ್ಕಿ ಕುದಿಯುತ್ತಿತ್ತು, ಆವಿಯೆಲ್ಲ ಕಾಗದದ ಮೇಲೆ. ತೇವ ಹೀರಿದ ಕಾಗದ ಉಬ್ಬುತ್ತದೆ, ಉಬ್ಬಿದ ಕಾಗದದ ತೂತು ಹಲ್ಲಿಗೆ ಹೊಂದುವುದಿಲ್ಲ. ಅಡುಗೆಮನೆಯಲ್ಲಿ ಪ್ರಿಂಟರ್ ಇಡುವ ಬುದ್ಧಿವಂತರು ಯಾರು ಎಂದು ಬಾಗಿಲಲ್ಲಿ ನಿಂತೇ ಕೇಳಿದೆ.

ಮನೆಯಾಕೆ ತುಳಸಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಏನೋ ಹೇಳಹೊರಟರು. ಅಷ್ಟರಲ್ಲಿ ಪ್ರಿಂಟರ್ ತಾನಾಗಿಯೇ ಕರಕರನೆ ಶುರುವಾಯಿತು. ಓರೆಯಾಗಿಯೇ ಎರಡು ಸಾಲು ಹೊರಗೆ ಬಂದವು: 'ಅವಳಿಗೆ ಬೈಯಬೇಡಿ. ಇಡಿಸಿದವನು ನಾನು.'

ಬರೆದವರು ಅವರ ಗಂಡ, ಗಣಪತಿ ಮಾಸ್ತರು. ಪಕ್ಕದ ಕೋಣೆಯಲ್ಲಿ ಮಂಚದ ಮೇಲೆ ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಮೋಟರ್ ನ್ಯೂರಾನ್ ಡಿಸೀಸ್. ಮೊದಲು ಮಾತು ಹೋಯಿತು, ಆಮೇಲೆ ಕಾಲು, ಆಮೇಲೆ ಪೆನ್ನು ಹಿಡಿಯುವ ಶಕ್ತಿ. ಉಳಿದದ್ದು ಬಲಗೈಯ ಒಂದು ಬೆರಳು. ಬುದ್ಧಿ ಮಾತ್ರ ಚೂರೂ ಮಸುಕಾಗಿರಲಿಲ್ಲ. ಮುಂಬಯಿಯಲ್ಲಿದ್ದ ಅವರ ತಮ್ಮ ತನ್ನ ಆಫೀಸಿನಲ್ಲಿ ತೆಗೆದುಹಾಕಿದ ಹಳೆಯ ಕಂಪ್ಯೂಟರ್ ಮತ್ತು ಪ್ರಿಂಟರ್ ತಂದು, ಕನ್ನಡ ಅಕ್ಷರ ಬರುವ ಸಾಫ್ಟ್‌ವೇರ್ ಹಾಕಿಸಿಕೊಟ್ಟಿದ್ದ. ಮಾಸ್ತರು ಒಂದೇ ಬೆರಳಲ್ಲಿ ಒತ್ತುತ್ತಿದ್ದರು, ಸಾಲು ಮುಗಿದು ಎಂಟರ್ ಒತ್ತಿದ ಕೂಡಲೇ ಅದು ಅಡುಗೆಮನೆಯಲ್ಲಿ ಅಚ್ಚಾಗುತ್ತಿತ್ತು.

"ಇದ್ರ ಸದ್ದೇ ಅವ್ರ ಕರೆ ತಮಾ," ಎಂದರು ತುಳಸಕ್ಕ. "ಸದ್ದು ಕೇಳ್ತದೆ, ನಾ ಕಾಗದ ಹರೀತೆ, ಓದ್ತೆ, ಹೋಗ್ತೆ. ಚಾವಡೀಲಿ ಇಟ್ರೆ ನಂಗೆ ಕೇಳೂಕಿಲ್ಲ."

ಪ್ರಿಂಟರನ್ನು ಒಲೆಯಿಂದ ಸಾಧ್ಯವಾದಷ್ಟು ದೂರ, ಕಿಟಕಿಯ ಹತ್ತಿರಕ್ಕೆ ಸರಿಸಿದೆ. ತುಳಸಕ್ಕನಿಗೆ ಒಂದೊಂದಾಗಿ ತೋರಿಸಿಕೊಟ್ಟೆ. ಕಾಗದದ ಪೆಟ್ಟಿಗೆಯನ್ನು ನೆಲದ ಮೇಲೆ ಇಡಬಾರದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮರದ ಮಣೆಯ ಮೇಲಿಡಬೇಕು. ಒಣಗಲಿ ಎಂದು ಒಲೆಯ ಮೇಲಿನ ಅಟ್ಟಕ್ಕೂ ಏರಿಸಬಾರದು, ಬಿಸಿಗೆ ಕಾಗದ ಸುರುಟುತ್ತದೆ. ಎರಡೂ ಕಡೆಯ ತೂತು ಒಂದೇ ಸಾಲಿಗೆ ಕೂಡಿಸಬೇಕು. ಸಿಕ್ಕಿಬಿದ್ದರೆ ಮೊದಲು ಸ್ವಿಚ್ ಆರಿಸಬೇಕು, ಆಮೇಲೆ ಪಕ್ಕದ ದುಂಡನೆಯ ನಾಬ್ ತಿರುಗಿಸಿ ಕಾಗದ ಹೋಗುತ್ತಿದ್ದ ದಿಕ್ಕಿಗೇ ನಿಧಾನ ಬಿಡಿಸಬೇಕು. ಹಿಂದಕ್ಕೆ ಜಗ್ಗಿದರೆ ಹರಿದ ಚೂರು ಒಳಗೇ ಉಳಿದು ಮುಂದಿನ ಜಾಮ್‌ಗೆ ಕಾರಣವಾಗುತ್ತದೆ. ತುಳಸಕ್ಕ ಎರಡು ಸಲ ಮಾಡಿ ತೋರಿಸಿದರು. ನಾನು ತರಬೇತಿ ಕೊಟ್ಟ ಎಷ್ಟೋ ಗುಮಾಸ್ತರಿಗಿಂತ ಅವರ ಕೈ ಹಗುರವಾಗಿತ್ತು.

ಹೊರಡುವಾಗ ಪ್ರಿಂಟರ್ ಮತ್ತೆ ಮಾತಾಡಿತು: 'ಚಹಾ ಕುಡಿದು ಹೋಗಿ. ಸಕ್ಕರೆ ನೆನಪಿಸಿ, ಅವಳು ಮರೆಯುತ್ತಾಳೆ.' ತುಳಸಕ್ಕ ಅದನ್ನು ಓದಿ ಕೋಣೆಯ ಕಡೆ ಮುಖ ಸೊಟ್ಟ ಮಾಡಿದರು. ಚಹಾದಲ್ಲಿ ನಿಜವಾಗಿಯೂ ಸಕ್ಕರೆ ಇರಲಿಲ್ಲ.

ಆಮೇಲೆ ಅಂಕೋಲೆಗೆ ಹೋದಾಗಲೆಲ್ಲ ಬೊಬ್ರುವಾಡಕ್ಕೆ ಹೋಗಿಬರುತ್ತಿದ್ದೆ. ಮಳೆಗಾಲ ಹಿಡಿದ ಹೊಸತರಲ್ಲಿ ಮತ್ತೆ ಜಾಮ್. ಬಿಚ್ಚಿದರೆ ವಿಚಿತ್ರ ಕಂಡಿತು. ಎರಡು ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಲಾಗಿತ್ತು. ಅಂಟು ಅನ್ನದ ಅಗುಳು. ನಮ್ಮ ಕಡೆ ಲಕೋಟೆ ಅಂಟಿಸುವುದೂ, ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕುವುದೂ ಬಿಸಿ ಅಗುಳನ್ನು ತಿಕ್ಕಿಯೇ. ಲಕೋಟೆಗೆ ಅದು ಸಾಕು. ಪ್ರಿಂಟರಿನೊಳಗೆ ಕುಚ್ಚಲಕ್ಕಿಯ ದಪ್ಪ ಅಗುಳು ಒಣಗಿದರೆ ಕಲ್ಲು.

ಒಂದು ಸಾಲಿಗೊಮ್ಮೆ ಹರಿಯುವುದರಿಂದ ಕಾಗದ ಬೇಗ ಮುಗಿಯುತ್ತಿತ್ತು. ಹೊಸ ಪೆಟ್ಟಿಗೆ ಹುಬ್ಬಳ್ಳಿಯಿಂದ ಬರಬೇಕು. ತುಳಸಕ್ಕ ಹಳೆಯ ಹಾಳೆಗಳನ್ನು ಒಂದನ್ನೂ ಎಸೆದಿರಲಿಲ್ಲ, ಒಲೆಗಂತೂ ಹಾಕಿರಲಿಲ್ಲ. ಅವುಗಳ ಬೆನ್ನು ಖಾಲಿ ಇದೆಯಲ್ಲ ಎಂದು ಜೋಡಿಸಿ, ಅಂಟಿಸಿ, ಮತ್ತೆ ಒಂದೇ ಉದ್ದ ಹಾಳೆ ಮಾಡಿದ್ದರು. ನಾನು ಅಗುಳನ್ನು ಚಿಮಟದಲ್ಲಿ ಎತ್ತಿ, ಹಳೆಯ ಚಾಳಿಯಂತೆ ಅವರ ಮುಂದೆ ಹಿಡಿದೆ.

"ಇದು ಹಾಕೂಕಾಗ ತುಳಸಕ್ಕ. ಇದೇ ನಿಮ್ಮ ಮಷೀನು ನಿಲ್ಸಿದ್ದು."

"ಹಾಕೂದಿಲ್ಲ ತಮಾ," ಎಂದರು, ಶಾಲೆಯಲ್ಲಿ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿ. ನಾನು ಕಾರವಾರದಿಂದ ಒಂದು ಪೆಟ್ಟಿಗೆ ತಂದುಕೊಟ್ಟೆ.

ಆಷಾಢದಲ್ಲಿ ಮಳೆ ಜಡಿಹಿಡಿಯಿತು. ಹುಬ್ಬಳ್ಳಿ ದಾರಿಯ ಅರಬೈಲ್ ಘಟ್ಟದಲ್ಲಿ ಲಾರಿಗಳು ನಿಂತವು. ನನ್ನಲ್ಲೂ, ಅಂಕೋಲೆಯ ಅಂಗಡಿಗಳಲ್ಲೂ ಆ ಕಾಗದದ ಒಂದು ಹಾಳೆಯೂ ಇರಲಿಲ್ಲ. ಹುಬ್ಬಳ್ಳಿಗೆ ದಿನವೂ ಫೋನ್ ಮಾಡುತ್ತಿದ್ದೆ. ಅದೇ ವಾರ ಗಣಪತಿ ಮಾಸ್ತರು ತೀರಿಕೊಂಡ ಸುದ್ದಿ ಬಂತು. ಜೊತೆಗೆ ತುಳಸಕ್ಕನ ಮಾತೂ ಬಂತು: ಯಂತ್ರವನ್ನು ಯಾರಿಗೂ ಮುಟ್ಟಲು ಬಿಟ್ಟಿಲ್ಲ, ನಾನು ಬಂದೇ ನೋಡಬೇಕು.

ಹೋದೆ. ಒಲೆ ಹೊತ್ತಿರಲಿಲ್ಲ. "ಸೂತಕ, ಚಾ ಕೊಡೂಕಾಗ," ಎಂದಷ್ಟೇ ಹೇಳಿ ತುಳಸಕ್ಕ ಗೋಡೆಗೆ ಒರಗಿ ನಿಂತರು. ನಡೆದದ್ದನ್ನು ಅವರೇ ಹೇಳಿದರು. ಬೆಳಿಗ್ಗೆ ಅನ್ನದ ಗಂಜಿ ಬಸಿಯುತ್ತಿದ್ದಾಗ ಪ್ರಿಂಟರ್ ಸದ್ದು ಮಾಡಿತು. ಪಾತ್ರೆ ಇಳಿಸಿ ಬರುವಷ್ಟರಲ್ಲಿ ಇನ್ನೊಂದು ಸಾಲು, ಮತ್ತೊಂದು ಸಾಲು. ಮಾಸ್ತರು ಒಂದೇ ಉಸಿರಿಗೆ ಅಷ್ಟು ಬರೆದದ್ದು ಎಂದೂ ಇಲ್ಲ. ಬಂದು ನೋಡಿದರೆ ಕಾಗದ ಮೇಲೇರಿರಲಿಲ್ಲ. ನಾನು ಕಲಿಸಿದಂತೆ ಸ್ವಿಚ್ ಆರಿಸಿ ನಾಬ್ ತಿರುಗಿಸಿದರು, ಅಲುಗಲಿಲ್ಲ. ಅಷ್ಟರಲ್ಲಿ ಕರೆಂಟೂ ಹೋಯಿತು. ಕತ್ತಲಾದ ಅಡುಗೆಮನೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕಾಗದ ಬಿಡಿಸುತ್ತ ನಿಂತರು. ಕೋಣೆಗೆ ಹೋದಾಗ ಮಾಸ್ತರ ತಲೆ ವಾಲಿತ್ತು.

"ನಾ ಮೊದ್ಲು ಅವ್ರ ಹತ್ರ ಹೋಗೂದಾಗಿತ್ತು," ಎಂದರು. "ಕಾಗದ ಓದೂಕೆ ನಿಂತೆ." ಉಸಿರಾಟದ ಸ್ನಾಯುವೇ ನಿಂತದ್ದು, ಯಾರು ಬಳಿಯಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅದನ್ನವರು ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದರು.

ಕರೆಂಟು ಹೋದಾಗಲೇ ಪರದೆಯ ಮೇಲಿದ್ದದ್ದು ಅಳಿಸಿಹೋಗಿತ್ತು. ಉಳಿದದ್ದು ಕಾಗದವೊಂದೇ. ನಾನು ಅವರಿಗೆ ಬೆನ್ನು ಮಾಡಿ ಕೂತು ಮುಚ್ಚಳ ತೆಗೆದೆ. ಕಾಗದ ಸರಿಯದೆ ನಿಂತಾಗ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಅದು ತಿಳಿಯುವುದಿಲ್ಲ, ಸೂಜಿಗಳು ಬಡಿಯುತ್ತಲೇ ಇರುತ್ತವೆ. ಎಲ್ಲ ಸಾಲುಗಳೂ ಒಂದೇ ಜಾಗದಲ್ಲಿ ಒಂದರ ಮೇಲೊಂದು ಬಿದ್ದು, ಒಂದು ಬೆರಳಗಲದ ಕಪ್ಪು ಪಟ್ಟಿಯಾಗಿತ್ತು. ಅದರ ಸ್ವಲ್ಪ ಕೆಳಗೆ ಎರಡು ಹಾಳೆ ಸೇರುವ ಅಂಚು. ಆ ಅಂಚು ಕಾಗದ ಮೇಲೇರುವ ಸಂದಿಗೆ ಸಿಕ್ಕಿಕೊಂಡಿತ್ತು. ಅಲ್ಲಿ ಒಣಗಿದ ಅಗುಳು.

ಚಿಮಟದಲ್ಲಿ ತೆಗೆದು ಎಡಗೈ ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಕಾಗದ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಹಿಂಬದಿಯ ಹಳೆಯ ಸಾಲೊಂದು ಉಲ್ಟಾ ಕಾಣಿಸಿತು, 'ಕಿಟಕಿ ತೆಗಿ, ಸೆಖೆ' ಎಂದು. ಕಪ್ಪು ಪಟ್ಟಿಯಲ್ಲಿ ಮಾತ್ರ ಒಂದು ಅಕ್ಷರವೂ ಬಿಡಿಯಾಗಿ ಸಿಗಲಿಲ್ಲ. ರಿಬ್ಬನ್ ಬಟ್ಟೆಯದು, ಅದೇ ಜಾಗಕ್ಕೆ ನೂರಾರು ಸಲ ಪೆಟ್ಟು ತಿಂದದ್ದು, ಅದರಲ್ಲೂ ಏನೂ ಉಳಿಯುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ನೀರು ಕೇಳಿದ್ದರೋ, ಉಸಿರು ಕಟ್ಟುತ್ತಿದೆ ಎಂದಿದ್ದರೋ, ಬೇರೆ ಏನಾದರೂ ಹೇಳಿದ್ದರೋ, ನನಗೆ ಇಂದಿಗೂ ಗೊತ್ತಿಲ್ಲ. ಹತ್ತು ವರ್ಷದ ಕೆಲಸದಲ್ಲಿ ಅಷ್ಟು ಕೈಲಾಗದವನು ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ.

"ಯೇನ್ ಬರ್ದರು ತಮಾ?"

ಒಂದು ಒಳ್ಳೆಯ ಸಾಲು ಕಟ್ಟಿ ಹೇಳಬಹುದಿತ್ತು. ಬಾಯಿಗೂ ಬಂತು. ಆದರೆ ಮಾಸ್ತರ ಮಾತನ್ನು ನಾನು ಆಡುವುದಕ್ಕೆ ನಾಲಿಗೆ ಏಳಲಿಲ್ಲ. "ಓದೂಕೆ ಆಗೂದಿಲ್ಲ ಅಕ್ಕ," ಎಂದೆ.

ಆಮೇಲೆ ಅವರು ಕೇಳಿದರು, ದನಿ ಎಷ್ಟು ಸಣ್ಣದಿತ್ತೆಂದರೆ ಹೊರಗಿನ ಮಳೆಯ ಸದ್ದಿನಲ್ಲಿ ನಾನು ತಿರುಗಿ ನೋಡಬೇಕಾಯಿತು.

"ಅಗಳು ಸಿಕ್ತಾ?"

ಬೇಡವೆಂದ ಮೇಲೂ ಅಂಟಿಸಿದ್ದು ಅವರಿಗೆ ನೆನಪಿತ್ತು. ಅಂಟಿಸದೆ ಇದ್ದಿದ್ದರೆ ಆ ವಾರ ಪೂರ್ತಿ ಮಾಸ್ತರು ಮೂಕರಾಗಿರುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಅವರಿಗೆ ಕಾಣದಂತೆ ಮತ್ತೆ ಬೆನ್ನು ಮಾಡಿ, ಬಲಗೈಯಲ್ಲಿ ತಗಡಿನ ಡಬ್ಬಿ ತೆರೆದು, ಹಲ್ಲು ಮುರಿದ ಒಂದು ಗಿಯರ್ ಹುಡುಕಿ ತೆಗೆದೆ. ಕಾರವಾರದ ಯಾವುದೋ ಕಚೇರಿಯ ಪ್ರಿಂಟರಿನದು.

"ಅಗಳು ಅಲ್ಲಕ್ಕ. ಇದು. ಹಲ್ಲು ಮುರದದೆ ನೋಡಿ. ಇದು ಮುರದ್ರೆ ಹೊಸಾ ಕಾಗದ ಹಾಕಿದ್ರೂ ನಿಲ್ತದೆ."

ತುಳಸಕ್ಕ ಅದನ್ನು ಇಸಿದುಕೊಂಡು, ಹೆಬ್ಬೆರಳಿನಿಂದ ಮುರಿದ ಜಾಗವನ್ನು ಸವರಿ ಸವರಿ ನೋಡಿದರು. ನಿಂತಲ್ಲೇ ಕುಸಿದು ಕೂತರು. ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಅಳು ಇಳಿದ ಮೇಲೆ, "ಹಂಗಾರೆ ನಾ ಬದುಕ್ತೆ ತಮಾ," ಎಂದರು.

ಅಗುಳನ್ನು ನಾನು ಮುಷ್ಟಿಯಲ್ಲೇ ಹಿಡಿದುಕೊಂಡು ಬಸ್ಸು ಹತ್ತಿದೆ. ದಾರಿಯಲ್ಲಿ ಅವರ್ಸಾ ದಾಟಿದ ಮೇಲೆ ಕಿಟಕಿಯ ಮಳೆಪರದೆ ಎತ್ತಿ ಅದನ್ನು ಹೊರಗೆ ಬಿಟ್ಟೆ.

ಎರಡು ಮೂರು ವರ್ಷದ ನಂತರ ಮತ್ತೊಮ್ಮೆ ಬೊಬ್ರುವಾಡಕ್ಕೆ ಹೋಗಿದ್ದೆ. ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿ ಆ ಗಿಯರ್ ಇತ್ತು. ಪಕ್ಕದ ಮನೆಯ ಹೆಂಗಸಿಗೆ ತುಳಸಕ್ಕ ಅದನ್ನು ತೋರಿಸಿ, "ಅವ್ರ ಕಡೇ ಮಾತು ನುಂಗಿದ್ದು ಇದೇ," ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಚಹಾ ಕೊಟ್ಟರು, ಅದರಲ್ಲಿ ಸಕ್ಕರೆ ಇರಲಿಲ್ಲ, ನೆನಪಿಸುವವರೂ ಇರಲಿಲ್ಲ.

ಜಾಮ್‌ಗೆ ಕಾರಣ ಇದ್ದೇ ಇರುತ್ತದೆ, ಅದನ್ನು ಹುಡುಕದೆ ಯಂತ್ರ ಮುಚ್ಚಬಾರದು ಎಂದು ನನ್ನ ಕೈಕೆಳಗೆ ಬಂದವರಿಗೆಲ್ಲ ಹೇಳಿಕೊಟ್ಟಿದ್ದೇನೆ. ಆದರೆ ಬೊಬ್ರುವಾಡದ ನಂತರ, ಸಿಕ್ಕ ಕಾರಣವನ್ನು ಚಿಮಟದಲ್ಲಿ ಹಿಡಿದು ಯಾರ ಮುಖದ ಮುಂದೆಯೂ ಎತ್ತಲಿಲ್ಲ.