ಸಪ್ಪಳ ಕದ್ದ ಸುಣ್ಣಮುಖ

೧೪ ಏಪ್ರಿಲ್ ೨೦೦೩, ಸೋಮವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ನನ್ನ ಆ ವರ್ಷದ ಡೈರಿಯಲ್ಲಿ ಈ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅದರ ಕೆಳಗೆ ಬರೆದಿರುವುದು ಇಷ್ಟೇ: 'ವಿನ್ಯಾ ಬಂದ. ಸಿನಿಮಾ ನೋಡಿ ಬಂದಾನ. ವಿಲನ್ ಸರಿ ಇಲ್ಲಂತ.'

ಆಗ ಇಳಕಲ್ಲಿನ ನಮ್ಮ ಓಣಿಯಲ್ಲಿ ಬೇಸಿಗೆ ಸೂಟಿ ಎಂದರೆ ನೂಲಿಗೆ ಹಚ್ಚಿದ ಗಂಜಿಯ ವಾಸನೆ, ಉಪ್ಪು ಖಾರ ಸವರಿದ ಮಾವಿನಕಾಯಿ, ಬೆಳಗಿನಿಂದ ಸಂಜೆತನಕ ಮನೆಮನೆಯಿಂದ ಬರುವ ಮಗ್ಗದ ಖಟ್‌ಖಟ್. ನಾನು ಆರನೇ ಇಯತ್ತೆ ಮುಗಿಸಿದ್ದ ಹುಡುಗಿ. ಕಂಡದ್ದನ್ನೆಲ್ಲ ಎಣಿಸಿ ಬರೆಯುವ ಚಟ ನನಗೆ. ಎಷ್ಟು ಮಾವಿನಕಾಯಿ ತಿಂದೆ, ಕುಂಟಬಿಲ್ಲೆಯಲ್ಲಿ ಎಷ್ಟು ಸಲ ಸೋತೆ, ಅವ್ವ ಎಷ್ಟು ಸಲ ಬೈದಳು (ಆ ಏಪ್ರಿಲ್ಲಿಗೆ ಇಪ್ಪತ್ತಾರು). ಬೇರೊಂದು ನೋಟಬುಕ್ಕಿನಲ್ಲಿ ಓದಿದ ಕಾಮಿಕ್ಸ್‌ಗಳ ವಿಲನ್‌ಗಳ ಪಟ್ಟಿ ಇತ್ತು. ವೇಷ, ಬುದ್ಧಿ, ಡೈಲಾಗ್, ಅಂಜಿಕೆ: ಒಂದೊಂದಕ್ಕೆ ಹತ್ತರಂತೆ ನಲವತ್ತಕ್ಕೆ ಮಾರ್ಕು. ಅಂದಿಗೆ ಮೂವತ್ತೇಳು ಮಂದಿ ಸೇರಿದ್ದರು.

ವಿನ್ಯಾ ಎಂದರೆ ವಿನಾಯಕ, ನನ್ನ ಚಿಗವ್ವನ ಮಗ. ನನಗಿಂತ ಒಂದು ವರ್ಷ ದೊಡ್ಡವನು. ಅವರಪ್ಪ ಬಾದಾಮಿಯಲ್ಲಿ ಸಾಲಿ ಮಾಸ್ತರರು. ಪ್ರತಿ ಸೂಟಿಗೆ ಅವನು ನಮ್ಮಲ್ಲಿಗೆ ಬರುತ್ತಿದ್ದ. ಈ ಸಲ ಬರುವ ಮೊದಲು ಬಾಗಲಕೋಟೆಯಲ್ಲಿ ಸೂಪರ್‌ಹೀರೋ ಸಿನಿಮಾ ನೋಡಿದ್ದ. ಇಂಗ್ಲಿಷಿನವರು ಹಿಂದಿಯಲ್ಲಿ ಮಾತಾಡುವ ಸಿನಿಮಾ.

"ಹೆಂಗಿತ್ತಲೇ?" ಅಂದೆ. ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ ಅವನು.

"ಹೀರೋ ಭಾರಿ! ಮ್ಯಾಲಿಂದ ಜಿಗದಾಂದ್ರ ನಮ್ಮ ಹೊಟ್ಟ್ಯಾಗ ಝುಂ ಅಂತೈತಿ. ಆದ್ರ ವಿಲನ್? ನಮ್ಮ ಪೀಟಿ ಮಾಸ್ತರಷ್ಟೂ ಅಂಜಿಸಲಿಲ್ಲ. ಪುಸ್ತಕದಾಗ ಎಂಥೆಂಥಾ ವಿಲನ್ ಅದಾರ! ಅವರನ್ನ ಯಾಕ ಕರ್ಯಂಗಿಲ್ಲ ಇವರು?"

"ಅವರಿಗೆ ಗೊತ್ತಿಲ್ಲ, ಅದಕ್ಕ."

"ಗೊತ್ತ ಮಾಡೂಣು ಹಂಗಾರ."

ಚೀಲದಿಂದ ಒಂದು ಮಕ್ಕಳ ಮಾಸಪತ್ರಿಕೆ ತೆಗೆದ. ಹಿಂದಿನ ಪುಟದಲ್ಲಿ ಸ್ಪರ್ಧೆ: ಸಿನಿಮಾದ ತೆರೆಗೆ ಬರಲೇಬೇಕಾದ ಕಾಮಿಕ್ಸ್ ಖಳನಾಯಕ ಯಾರು, ಯಾಕೆ? ಕಥೆಯ ಹೆಸರು, ಸಂಚಿಕೆ, ಪುಟಸಂಖ್ಯೆ ಕಡ್ಡಾಯ. ಒಳ್ಳೆಯ ಪತ್ರವನ್ನು ಚಿತ್ರದೊಂದಿಗೆ ಅಚ್ಚು ಹಾಕುತ್ತಾರೆ. ಪತ್ರಕ್ಕೆ ಕೂಪನ್ ಅಂಟಿಸಬೇಕು. ಕೂಪನ್ ಇದ್ದದ್ದು ಒಂದು. ನಾವು ಇಬ್ಬರು.

ಕೊನೆಯ ತಾರೀಖು ಮೇ ಹದಿನೈದು. ನನ್ನ ಮಾರ್ಕಿನ ಪಟ್ಟಿಯಲ್ಲಿ ಮೊದಲು ಬಂದವನ ಹೆಸರು ಕಳಿಸುವುದು ಎಂದು ಒಪ್ಪಂದವಾಯಿತು. ಮಾರ್ಕು ಇಬ್ಬರೂ ಕೂಡಿ ಹಾಕಬೇಕು. ವಿನ್ಯಾನ ಕಡೆಯವನು ಉಕ್ಕಿನ ಉಗುರಿನ ದುರ್ಜಯ. ಅವನ ಪುಸ್ತಕ ಹೊಸದು, ರಕ್ಷಾಪುಟ ಮಿರಿಮಿರಿ, ಎಲ್ಲವೂ ಸರಿಯಾಗಿತ್ತು. ನನ್ನ ಕಡೆಯವನು ಸುಣ್ಣಮುಖ.

ಸುಣ್ಣಮುಖ ಇದ್ದದ್ದು ಮಲ್ಲಣ್ಣ ಕಾಕಾನ ನೂರಾ ಹನ್ನೆರಡನೇ ನಂಬರಿನ ಪುಸ್ತಕದಲ್ಲಿ. ಮಲ್ಲಣ್ಣ ಕಾಕಾ ಮೊದಲು ನೇಕಾರ. ಮೊಣಕಾಲು ನೋವಿಗೆ, ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ ಬಿಟ್ಟು ಪಡಸಾಲೆಯಲ್ಲೇ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದ. ಹರಿದ ಪುಸ್ತಕಗಳನ್ನು ತಾನೇ ಹೊಲಿಯುತ್ತಿದ್ದ, ಅದೂ ಸೀರೆಗೆ ಬಳಸಿ ಮಿಕ್ಕ ರೇಷ್ಮೆಯ ದಾರದಿಂದ. ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಹಾಕಿ ಕುದಿಸುತ್ತಿದ್ದುದರಿಂದ ಆ ಪುಸ್ತಕಗಳನ್ನು ಮೂಗಿಗೆ ಹಿಡಿದರೆ ಕಹಿ ಕಹಿ ವಾಸನೆ. ನೂರಾ ಹನ್ನೆರಡಕ್ಕೆ ರಕ್ಷಾಪುಟ ಇರಲಿಲ್ಲ. ಮೊದಲ ಪುಟದಲ್ಲಿ ಹೆಸರಿದ್ದ ಪಟ್ಟಿ ಹರಿದಿತ್ತು. ನಾನು ಅದನ್ನು ಒಂಬತ್ತು ಸಲ ಓದಿದ್ದೆ.

ಕಥೆ ಹೇಳುತ್ತೇನೆ ಕೇಳಿ. ಸುಣ್ಣದಂಥ ಬಿಳಿ ಮುಖದ ಒಬ್ಬ ವಿಜ್ಞಾನಿ. ಅವನು ಬಂಗಾರ ಕದಿಯುವುದಿಲ್ಲ, ರಾಜ್ಯ ಕೇಳುವುದಿಲ್ಲ. ಊರೂರಿನ ಸಪ್ಪಳ ಕದ್ದು ಗಾಜಿನ ಭರಣಿಗಳಲ್ಲಿ ತುಂಬುತ್ತಾನೆ. ರೈಲು ಓಡುತ್ತದೆ, ಸಪ್ಪಳ ಇಲ್ಲ. ಕೂಸು ಅಳುತ್ತದೆ, ತಾಯಿಗೆ ಕೇಳುವುದಿಲ್ಲ. ಹದಿನಾರನೇ ಪುಟದಲ್ಲಿ ಕೊನೆಯ ಭರಣಿಯ ಮುಚ್ಚಳ ಹಾಕುತ್ತ ಅವನು ನಗುತ್ತಾನೆ. ಹದಿನೇಳನೇ ಪುಟ ತೆರೆದರೆ ಸಮುದ್ರ, ಹಡಗು, ಮತ್ತು ಅವನ ಮುಖಕ್ಕೆ ಕಬ್ಬಿಣದ ಮುಖವಾಡ. ಅಲ್ಲಿಂದ ಕೊನೆಯವರೆಗೆ ಅವನು ಒಂದು ಮಾತೂ ಆಡುವುದಿಲ್ಲ. ಯಾಕೆಂದರೆ ಲೋಕದ ಸಪ್ಪಳ ಕದಿಯುತ್ತ ಕದಿಯುತ್ತ ತನ್ನ ದನಿಯನ್ನೂ ಭರಣಿಗೆ ಹಾಕಿಬಿಟ್ಟಿದ್ದಾನೆ! ಹೀರೋನ ನೀಲಿ ಅಂಗಿ ಆ ಪುಟದಿಂದ ಕೆಂಪಾಗುತ್ತದೆ; ಅದು ರಕ್ತ. ಕೊನೆಯ ಪುಟದಲ್ಲಿ ಹೀರೋ ಕೈಗೆ ಸಿಕ್ಕರೂ ಸುಣ್ಣಮುಖ ಕೊಲ್ಲುವುದಿಲ್ಲ. ಪಂಜರದ ಹಕ್ಕಿಯನ್ನು ಬಿಟ್ಟು ದಂಡೆಯ ಮೇಲೆ ಒಬ್ಬನೇ ಕೂಡುತ್ತಾನೆ. ಮೂವತ್ತೇಳು ವಿಲನ್‌ಗಳಲ್ಲಿ ಸೋಲದವನು ಅವನೊಬ್ಬ.

ವಿನ್ಯಾ ಒಪ್ಪಲಿಲ್ಲ. "ಸಪ್ಪಳ ಹೋದ್ರ ಏನಾಕ್ಕೈತಿ? ಆರಾಮ ನಿದ್ದಿ ಮಾಡಬಹುದು. ಅಂಜಿಕಿಗೆ ಮೂರು."

ಅವನಿಗೆ ತೋರಿಸಿಯೇ ಬಿಡಬೇಕು ಎಂದು ಅಪ್ಪನ ಹತ್ತಿರ ಹೋದೆ. "ಅಪ್ಪಾ, ಒಂದ ನಿಮಿಷ ಮಗ್ಗ ನಿಲ್ಲಸು. ಎಲ್ಲಾರಿಗೂ ನಿಲ್ಲಸಾಕ ಹೇಳು."

"ಯಾಕ?"

"ವಿಲನ್ ಬಂದ್ರ ಹೆಂಗಿರ್ತೈತಿ ನೋಡಬೇಕು."

"ಮಗ್ಗ ನಿಲ್ಲಿಸಿದ್ರ ನಿನ್ನ ವಿಲನ್ ಬಂದು ರೊಟ್ಟಿ ಬಡೀತಾನೇನು? ನಡಿ ಆಕಡೆ!" ಅವ್ವನ ಬೈಗುಳದ ಲೆಕ್ಕಕ್ಕೆ ಅಪ್ಪನದೂ ಒಂದು ಸೇರಿತು.

ಆದರೆ ಮರುದಿನ ಕರೆಂಟು ಹೋದಾಗ ಹಿಂದಿನ ಓಣಿಯ ಪವರ್‌ಲೂಮುಗಳು ನಿಂತವು. ಊಟದ ಹೊತ್ತಾಗಿ ಕೈಮಗ್ಗಗಳೂ ನಿಂತವು. ನಾನು ವಿನ್ಯಾನ ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿದೆ. ಬಿಸಿಲು, ಧೂಳು, ಒಂದು ನಾಯಿ. ಎಲ್ಲಿಯೂ ಏನೂ ಇಲ್ಲ. ಅವನು ಸುತ್ತಲೂ ನೋಡಿದ. ಯಾರದೋ ಮನೆಯಲ್ಲಿ ತಟ್ಟೆ ಬಿದ್ದು ಠಣ್ ಎಂದಾಗ ಇಬ್ಬರೂ ಬೆಚ್ಚಿಬಿದ್ದೆವು.

"ಒಂಬತ್ತ ಹಾಕು," ಅಂದ.

ಒಟ್ಟು ಸುಣ್ಣಮುಖನಿಗೆ ಮೂವತ್ತಾರು, ದುರ್ಜಯನಿಗೆ ಮೂವತ್ತೈದು. ನಾನು ಕಟ್ಟೆಯಿಂದ ಹಾರಿ ಮನೆಯೊಳಗೆ ಮೂರು ಸುತ್ತು ಓಡಿದೆ. ನನ್ನ ಪತ್ರ ಅಚ್ಚಾಗುತ್ತದೆ, ಯಾರೋ ಸಿನಿಮಾದವರು ಓದುತ್ತಾರೆ, ಇಡೀ ಲೋಕಕ್ಕೆ ಸುಣ್ಣಮುಖ ಗೊತ್ತಾಗುತ್ತಾನೆ!

ಮೇ ಆರು, ಮಂಗಳವಾರ, ಪತ್ರ ಬರೆಯಲು ಕುಳಿತೆವು. ಸಂಚಿಕೆಯ ಸಂಖ್ಯೆ ಬೇಕಿತ್ತು. ಪುಟದ ಕೆಳತುದಿಯಲ್ಲಿ, ಅಂಟಿನ ಕಲೆಯ ಅಡಿಯಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರ. ಹದಿನಾರನೇ ಪುಟದಲ್ಲಿ 'ಸಂಚಿಕೆ ೪೧' ಎಂದಿತ್ತು. ಖಾತ್ರಿ ಮಾಡಿಕೊಳ್ಳಲು ಮುಂದಿನ ಪುಟ ನೋಡಿದೆ. 'ಸಂಚಿಕೆ ೫೮.'

ಇನ್ನೊಮ್ಮೆ ನೋಡಿದೆ. ಹದಿನೆಂಟರಲ್ಲೂ ೫೮. ಮೂವತ್ತೆರಡರಲ್ಲೂ ೫೮.

ವಿನ್ಯಾ ಎರಡೂ ಪುಟ ಇಣುಕಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ, ಇವ ಒಬ್ಬಾಂವಲ್ಲ, ಇಬ್ಬರು! ನಿನ್ನ ವಿಲನ್ ಎಲ್ಲೂ ಇಲ್ಲs ಇಲ್ಲ! ರಕ್ತ ಅಂತ ರಕ್ತ! ಅದು ಬ್ಯಾರೆ ಹೀರೋನ ಅಂಗಿ!"

ಒಂಬತ್ತು ಸಲ ಓದಿದ್ದೆ. ಎಲ್ಲವನ್ನೂ ಎಣಿಸುವವಳು ಅದೊಂದನ್ನು ನೋಡಿರಲಿಲ್ಲ. ಪುಸ್ತಕ ಎತ್ತಿಕೊಂಡು ಓಡಿದೆ. ವಿನ್ಯಾ ನಗುತ್ತಲೇ ಹಿಂದೆ ಬಂದ.

ಮಲ್ಲಣ್ಣ ಕಾಕಾ ಅಂಟು ಕಲಸುತ್ತಿದ್ದ. ನಾನು ಎರಡೂ ಪುಟ ತೋರಿಸಿದೆ. ಅವನು ಕನ್ನಡಕ ಏರಿಸಿ ನೋಡಿ, "ಅಂತೂ ಒಬ್ಬಾಕಿ ಕೇಳಿದಳಪಾ," ಅಂದ. "ನಾಲ್ಕ ವರ್ಷ ಆತು."

"ಗೊತ್ತಿತ್ತೇನ್ರಿ ನಿಮಗ?"

"ನಾನs ಹೊಲದೇನಿ, ನನಗ ಗೊತ್ತಿರೂದಿಲ್ಲೇನು? ಬಾಗಲಕೋಟಿ ಹಳೇ ಊರಿಗೆ ಡ್ಯಾಮಿನ ನೀರ ಬರ್ತೈತಿ ಅಂತ ಮಂದಿ ಮನಿ ಖಾಲಿ ಮಾಡೂ ಮುಂದ ಒಂದ ಚೀಲ ಪುಸ್ತಕ ತಂದಿದ್ದೆ. ಅರ್ಧಕ್ಕರ್ಧ ಹಾಳಾಗಿದ್ವು. ಈ ಪುಸ್ತಕದ ಹಿಂದಿನ ಪುಟ ಕೊಳತಿದ್ವು, ಆ ಪುಸ್ತಕದ ಮುಂದಿನವನ್ನ ಇಲಿ ತಿಂದಿತ್ತು."

"ಅಂತ ಕೈಗೆ ಸಿಕ್ಕಿದ್ದ ಹಚ್ಚಿಬಿಟ್ರೇನು?" ಅಂದ ವಿನ್ಯಾ.

ಕಾಕಾನಿಗೆ ಸಿಟ್ಟು ಬಂತು. ಇಳಕಲ್ ಸೀರೆಯಲ್ಲಿ ಹಾಸು ಎಂದರೆ ಉದ್ದದ ಎಳೆ; ಒಡಲಿನದು ಬೇರೆ, ಸೆರಗಿನದು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಅದನ್ನೇ ಬೆರಳಿನಲ್ಲಿ ಮಾಡಿ ತೋರಿಸುತ್ತ ಹೇಳಿದ: "ಏ ತಮ್ಮಾ, ಮೂವತ್ತು ವರ್ಷ ಕೊಂಡಿ ಹಾಕೇನಿ ನಾ. ಸೆರಗು ಕೂಡತೈತೋ ಇಲ್ಲೋ ನೋಡದs ಹಾಕ್ತಾರೇನು? ಐದು ಪುಸ್ತಕದ ಹಿಂದಿನ ಅರ್ಧ ಇದ್ವು ನನ್ನ ಹತ್ರ. ಐದೂ ಓದಿದೆ. ಒಂದರಾಗ ವಿಲನ್ ಬರೇ ಒದರತಿದ್ದ. ಇನ್ನೊಂದರಾಗ ಹೆಂಗಸು. ಇವ ಒಬ್ಬಾಂವ ಮಾತಾಡೂದಿಲ್ಲ. ಸಪ್ಪಳ ಕದ್ದಾಂವಗ ಮಾತ ಎಲ್ಲಿಂದ ಬರಬೇಕು ಅಂತ ಇದನ್ನ ಹಚ್ಚಿದೆ. ಎರಡ ದಿನ ಹಿಡೀತು."

ದನಿ ಕಳೆದುಕೊಂಡ ಸುಣ್ಣಮುಖನನ್ನು ನಾನೇ ಕಂಡುಹಿಡಿದೆ ಎಂದುಕೊಂಡಿದ್ದೆ. ಅದನ್ನು ನನಗಿಂತ ಮೊದಲು ಈ ಪಡಸಾಲೆಯಲ್ಲಿ ಕೂತು ಒಬ್ಬರು ಯೋಚಿಸಿದ್ದರು.

ವಿನ್ಯಾ ಪುಸ್ತಕ ಕಸಿದುಕೊಂಡು ಅಲ್ಲೇ ಹೊಸ್ತಿಲಲ್ಲಿ ಕುಳಿತ. ಮೊದಲಿನಿಂದ ಓದಿದ. ಹದಿನಾರಕ್ಕೆ ಬಂದು ನಿಂತ, ಹದಿನೇಳು ತಿರುವಿದ, ಮತ್ತೆ ಹದಿನಾರಕ್ಕೆ ಹೋದ. ಕೂಪನ್ ಅವನದು. ದುರ್ಜಯನ ಹೆಸರು ಬರೆದರೆ ನಿಯಮದ ಪ್ರಕಾರ ಎಲ್ಲವೂ ಸರಿ. ಅಚ್ಚಾಗುವ ಆಸೆಯಾದರೂ ಇರುತ್ತಿತ್ತು. ಸುಣ್ಣಮುಖನ ಹೆಸರು ಬರೆದರೆ ಆ ಕೂಪನ್ ನೀರಿಗೆ ಹಾಕಿದ ಹಾಗೆ.

"ಪೆನ್ನು ಕೊಡು," ಅಂದ. ನನ್ನ ನೋಟಬುಕ್ಕಿನಲ್ಲಿ ಬುದ್ಧಿಯ ಕಾಲಮ್ಮಿನಲ್ಲಿದ್ದ ಎಂಟನ್ನು ಹೊಡೆದು ಹತ್ತು ಮಾಡಿದ. "ಇದು ಸುಣ್ಣಮುಖಗ ಅಲ್ಲ, ಕಾಕಾಗ. ಬರಿ ಈಗ."

ನಾವು ಬರೆದದ್ದರ ನಕಲು ಡೈರಿಯಲ್ಲಿದೆ: 'ಖಳನಾಯಕ: ಸುಣ್ಣಮುಖ. ಕಥೆಯ ಹೆಸರು: ಗೊತ್ತಿಲ್ಲ. ಸಂಚಿಕೆ: ೪೧ ಮತ್ತು ೫೮. ಮಾಡಿದವರು: ಇಬ್ಬರು ಚಿತ್ರಕಾರರು ಮತ್ತು ನಮ್ಮ ಓಣಿಯ ಮಲ್ಲಣ್ಣ ಕಾಕಾ.' ಕೆಳಗೆ ಎರಡು ಪುಟ ಕಥೆ. ಮೇ ಎಂಟರ ಟಪಾಲಿಗೆ ಹಾಕಿದೆವು. ಡಬ್ಬಿಯ ಬಾಯಲ್ಲಿ ಪತ್ರ ಬಿಡುವಾಗ ವಿನ್ಯಾ ಕಣ್ಣು ಮುಚ್ಚಿಕೊಂಡಿದ್ದ.

ಜುಲೈ ಸಂಚಿಕೆಯಲ್ಲಿ ಬೇರೆ ಯಾರದೋ ಪತ್ರ ಬಂತು, ಚಿತ್ರದೊಂದಿಗೆ. ಪುಟದ ಕೊನೆಯಲ್ಲಿ ಸಂಪಾದಕರ ಒಂದು ಸಾಲು: 'ಇಳಕಲ್ಲಿನಿಂದ ಇಬ್ಬರು ಬರೆದ ಖಳನಾಯಕ ನಮಗೆ ಎಲ್ಲಿಯೂ ಸಿಗಲಿಲ್ಲ. ಸಿಕ್ಕಿದ್ದರೆ ಬಹುಮಾನ ಅವನಿಗೇ.' ನಾನು ಪತ್ರಿಕೆ ಹಿಡಿದು ಓಡಿದೆ. ಮಲ್ಲಣ್ಣ ಕಾಕಾ ಅದನ್ನು ಮೂರು ಸಲ ಓದಿದ. ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಓದಿಸಿದ. "ನೋಡ್ರಿ, ಅವರಿಗೆ ಸಿಗಲಿಲ್ಲಂತ!" ಅನ್ನುವಾಗ ಅವನ ಮುಖ ನೋಡಬೇಕಿತ್ತು.

ನಾನು ಕಾಲೇಜಿಗೆ ಹೋದ ಮೇಲೆ ಅಂಗಡಿ ಮುಚ್ಚಿತು. ಕಾಕಾ ಹುನಗುಂದದ ಮಗಳ ಮನೆಗೆ ಹೋದ. ಪುಸ್ತಕಗಳು ಎತ್ತ ಹೋದವೋ ಅವನಿಗೂ ನೆನಪಿರಲಿಲ್ಲ. ಇಲ್ಲಿಯವರೆಗೆ ನಾನು ಥಿಯೇಟರಿನಲ್ಲಿ ನೋಡಿದ ಸೂಪರ್‌ಹೀರೋ ಸಿನಿಮಾಗಳು ಐವತ್ತಮೂರು. ಅವುಗಳ ವಿಲನ್‌ಗಳು ಊರು ಸುಡುತ್ತಾರೆ, ಭೂಮಿಯನ್ನೇ ಸೀಳುತ್ತಾರೆ. ಯಾರಿಗೂ ಮೂವತ್ತೆರಡು ದಾಟಿಲ್ಲ. ಈಗ ಎಲ್ಲ ಕಥೆಗಳೂ ಪೂರ್ತಿಯಾಗಿ ಸಿಗುತ್ತವೆ, ಫೋನಿನಲ್ಲಿ ಮುಟ್ಟಿದರೆ ಮೊದಲೂ ಕೊನೆಯೂ ಬರುತ್ತದೆ. ಉಳಿದರ್ಧ ಏನಿದ್ದೀತು ಎಂದು ಎರಡು ದಿನ ಕೂತು ನೋಡುವವರು ಯಾರಿಗೂ ಬೇಕಾಗಿಲ್ಲ.

ಆದರೂ ಒಂದು ಕೇಳಬೇಕಿದೆ. ಬಾಗಲಕೋಟೆಯ ಹಳೆಯ ಊರಿನಲ್ಲಿ ಆ ಪುಸ್ತಕಗಳನ್ನು ಚಿಕ್ಕಂದಿನಲ್ಲಿ ಓದಿದವರು ಈ ಬರಹ ನೋಡುತ್ತಿರಬಹುದು. ಐವತ್ತೆಂಟನೇ ಸಂಚಿಕೆಯ ಮೊದಲ ಹದಿನಾರು ಪುಟಗಳಲ್ಲಿ, ನಾವು ನೋಡದೇ ಇದ್ದ ಆ ಪುಟಗಳಲ್ಲಿ, ಕಬ್ಬಿಣದ ಮುಖವಾಡದವನು ಮಾತಾಡುತ್ತಾನೆಯೇ? ಒಂದೇ ಒಂದು ಮಾತಾದರೂ? ಗೊತ್ತಿದ್ದವರು ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಅವನು ಏನೆಂದ ಎಂಬುದನ್ನು ವಿನ್ಯಾನಿಗೆ ನಾನೇ ತಿಳಿಸುತ್ತೇನೆ.