ಕಣ್ಣು ಮಿಟುಕಿಸಿದ ಮೀನು

ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಕ್ಯಾಮರಾದ ಕಿಂಡಿಗೆ ಬಲಗಣ್ಣು ಹಚ್ಚಿ, ಎಡಗಣ್ಣು ಮುಚ್ಚಿ, ಬಾಗಲಕೋಟೆಯ ಮದುವೆ, ತೊಟ್ಟಿಲು, ಹೆಣ ಎಲ್ಲವನ್ನೂ ತೆಗೆದು ತೆಗೆದು ಆ ರೆಪ್ಪೆಗೆ ಅದೇ ರೂಢಿಯಾಗಿತ್ತು. ಊಟಕ್ಕೆ ಕೂತರೂ ಜಗಳಕ್ಕೆ ನಿಂತರೂ ಎದುರಿಗಿದ್ದವರನ್ನು ಚೌಕಟ್ಟಿನೊಳಗೆ ಕೂಡಿಸುತ್ತಿದ್ದಾರೆ ಅನಿಸುತ್ತಿತ್ತು. ಹಾಸ್ಟೆಲಿನ ನಾವೆಲ್ಲ ಅವರನ್ನು ಸ್ಟುಡಿಯೋ ಕಾಕಾ ಎಂದು ಕರೆಯುತ್ತಿದ್ದೆವು.

ಹಳೇ ಬಾಗಲಕೋಟೆಯಲ್ಲಿದ್ದ ಅವರ ಅಂಗಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅಲ್ಲಿಂದ ಒಂದು ಬಣ್ಣದ ಪರದೆಯನ್ನೂ ಒಂದು ಕಪ್ಪು ಗೌನನ್ನೂ ಸುತ್ತಿಕೊಂಡು ನವನಗರಕ್ಕೆ ಬಂದಿದ್ದರು. ಪರದೆಯ ಮೇಲೆ ಕೊಳ, ಹಂಸ, ಎಲ್ಲಿಗೂ ಹೋಗದ ಮೆಟ್ಟಿಲು. ಗೌನು ಪದವಿ ಮುಗಿಸಿದವರ ಫೋಟೋಕ್ಕೆ. ಅದಕ್ಕೆ ಮುಂಭಾಗ ಮಾತ್ರ ಇತ್ತು. ದಪ್ಪನೆಯವರಿಗೂ ಸಣ್ಣನೆಯವರಿಗೂ ಆಗಲೆಂದು ಹಿಂದೆ ಲಾಡಿ ಕಟ್ಟುತ್ತಿದ್ದರು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಫಲಿತಾಂಶ ಬಂದ ವಾರ ಅಪ್ಪ ಕುರಿಹಿಂಡನ್ನು ದೊಡ್ಡಪ್ಪನಿಗೆ ಒಪ್ಪಿಸಿ, ಹೆಗಲಿಗೆ ಕಂಬಳಿ ಹಾಕಿಕೊಂಡು ಹುನಗುಂದದ ಬಸ್ಸು ಹತ್ತಿ ಬಂದಿದ್ದ. ನಾನು ಗೌನಿಗೆ ಕೈ ಹಾಕಿದರೆ ಕಾಕಾ ತಡೆದರು.

“ಲೇ ತಮ್ಮಾ, ಮೊದಲ ಯಜಮಾನ್ರಿಗೆ ಕಟ್ಟು.”

“ಏ, ಬ್ಯಾಡ್ರಿ ಸಾಹೇಬ್ರ. ನಾ ಎಲ್ಲಿ ಸಾಲಿ ಕಲ್ತೇನ್ರಿ?” ಎಂದು ಅಪ್ಪ ಹಿಂದೆ ಸರಿದ.

“ಗೌನಿಗೇನ್ ಗೊತ್ತಾಕ್ಕೈತ್ರಿ? ಮುಂದ ಪದವಿ, ಹಿಂದ ಬಯಲ. ಎಲ್ಲಾರದೂ ಅಷ್ಟ ಐತಿ. ನಿಂದರ್ರಿ.”

ಅಪ್ಪ ಗೌನು ಕಟ್ಟಿಸಿಕೊಂಡು ನಿಂತ. ಅವನ ಕಂಬಳಿ ನನ್ನ ಹೆಗಲಿಗೆ ಬಂತು. ದೀಪ ಮಿಂಚಿದಾಗಲೆಲ್ಲ ಅಪ್ಪನ ಕಣ್ಣು ಮುಚ್ಚಿಹೋಗುತ್ತಿತ್ತು. ಬೇರೆ ಸ್ಟುಡಿಯೋದವರಾಗಿದ್ದರೆ ಗದರಿಸುತ್ತಿದ್ದರು. ಕಾಕಾ ಪ್ರತಿ ಸಲ ಹೊಸದಾಗಿ ಶುರು ಮಾಡುವವರಂತೆ, “ಇರಲಿ, ಇನ್ನೊಂದ ತಗೊಳ್ಳೂಣು” ಎನ್ನುತ್ತಿದ್ದರು. ಆ ಮಾತು ಅವರ ಬಾಯಲ್ಲಿ ಯಾವಾಗಲೂ ಇರುತ್ತಿತ್ತು.

ಮುಂದೆ ನಾನು ಹುನಗುಂದದಲ್ಲಿ ಅತಿಥಿ ಉಪನ್ಯಾಸಕನಾದೆ. ಭಾನುವಾರ ಕಾಕಾನ ಅಂಗಡಿಗೆ ಹೋಗಿ ಕೂಡುತ್ತಿದ್ದೆ. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ. ಕಾಕಾನ ಬಲಗಣ್ಣು ಅಷ್ಟರಲ್ಲಿ ಪೂರ್ತಿ ಹೋಗಿತ್ತು.

“ದುಡದ ಕಣ್ಣ ಹೋತು. ಜಲ್ಮಾ ಪೂರಾ ಮಲಗಿದ್ದ ಕಣ್ಣ ಈಗ ಎದ್ದೈತಿ. ಅದಕ್ಕ ಕೆಲಸ ಗೊತ್ತಿಲ್ಲ” ಎಂದು ನಗುತ್ತಿದ್ದರು. ಆ ಕಣ್ಣೂ ಬಹಳ ದಿನ ಉಳಿಯುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿದ್ದರು. ಒಂದು ದಿನ ತಾವಾಗಿಯೇ ಹೇಳಿದರು: “ಊರಾಗಿನ ಎಲ್ಲಾರ ಫೋಟೋ ತೆಗದ್ನಿ, ನನ್ನ ಹಳೇ ಅಂಗಡಿದೊಂದ ತೆಗಿಯೂದ ಮರತ್ನಿ ನೋಡು. ಕಣ್ಣ ಇದ್ದಾಗ ಒಮ್ಮೆ ನೋಡಬೇಕಿತ್ತು.” ಆಮೇಲೆ ತಾವೇ ಮಾತು ತಿರುವಿದರು: “ಈಗ ಅಲ್ಲಿ ಫೋಟೋಕ್ಕ ಮೀನ ಬರ್ತಿರಬೇಕು. ಚಲೋ ಗಿರಾಕಿ. ರೆಪ್ಪಿನ ಇಲ್ಲ, ಮಿಟಕಸೂ ಮಾತ ಇಲ್ಲ.”

ಆ ಮಾತಿನಿಂದಲೇ ನನ್ನ ಕಿರುಚಿತ್ರ ಹುಟ್ಟಿತು. ನೀರಿನಡಿಯಲ್ಲಿ ಸ್ಟುಡಿಯೋ ಇನ್ನೂ ತೆರೆದಿದೆ. ಮೀನುಗಳು ಅರ್ಧ ಗೌನು ಕಟ್ಟಿಸಿಕೊಂಡು ಪದವಿಯ ಫೋಟೋಕ್ಕೆ ಸಾಲು ನಿಂತಿವೆ. ಕಥೆ ಇಷ್ಟೇ. ಅಸಂಗತ ಚಿತ್ರ, ಅರ್ಥ ಹುಡುಕಬಾರದು. ಚಿತ್ರೀಕರಣಕ್ಕೆ ನನ್ನಲ್ಲಿ ಏನೂ ಇರಲಿಲ್ಲ, ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಬೇಕಾದ್ದನ್ನು ಮಾತಿನಲ್ಲಿ ಬರೆದುಕೊಟ್ಟರೆ ಎಐ ಚಿತ್ರ ಮಾಡಿಕೊಡುತ್ತದಲ್ಲ, ಅದನ್ನೇ ನಂಬಿದೆ. ಕಾಕಾನ ಕಣ್ಣು ಹೋಗುವುದರೊಳಗೆ ಅವರ ಅಂಗಡಿಯನ್ನು ಅವರಿಗೆ ತೋರಿಸುತ್ತೇನೆ ಅಂದುಕೊಂಡೆ.

ಆ ಯಂತ್ರದ ಸಹವಾಸ ಯಾರಿಗೂ ಬೇಡ. ನಾನು ಹಿನ್ನೀರು ಎಂದು ಬರೆದರೆ ಅದು ನೀಲಿ ಸಮುದ್ರ ಕೊಡುತ್ತಿತ್ತು, ಜೊತೆಗೆ ಹವಳ. ಕಾಕಾ ಲ್ಯಾಪ್‌ಟಾಪಿನ ಪರದೆಗೆ ಮೂಗು ತಾಗಿಸಿ ನೋಡಿ, “ಇದ್ಯಾವ ಊರಲೇ? ನಮ್ಮ ಹೊಳಿ ನೀರ ಚಾ ಇದ್ದಂಗ ಇರ್ತೈತಿ” ಎಂದರು. ಚಹಾದ ಬಣ್ಣ ಎಂದು ಬರೆದೆ. ಮೀನಿನ ಪಕ್ಕ ಚಹಾದ ಕಪ್ಪು-ಸಾಸರು ಬಂದವು. ಸಣ್ಣ ಅಂಗಡಿ ಎಂದರೆ ಅರಮನೆಯಂಥದ್ದು ಬಂತು. ಹಿಂಭಾಗವಿಲ್ಲದ ಗೌನು ಎಂದು ಎಷ್ಟು ಬಗೆಯಲ್ಲಿ ಬರೆದರೂ ಮೈತುಂಬ ಹೊಳೆಯುವ ರೇಷ್ಮೆ ಗೌನನ್ನೇ ತೊಡಿಸುತ್ತಿತ್ತು. ನಮ್ಮ ಹರಕು ಅದಕ್ಕೆ ಗೊತ್ತೇ ಇರಲಿಲ್ಲ. ಸರಿಹೋಗುತ್ತಿದೆ ಅನ್ನುವಾಗ ಇವತ್ತಿನ ಮಿತಿ ಮುಗಿಯಿತು ಎಂದು ಬಾಗಿಲು ಹಾಕಿಕೊಳ್ಳುತ್ತಿತ್ತು.

ಕಾಕಾ ಏನು ಕಡಿಮೆ ಕಾಡಿದರೇ? ಒಂದು ವಾರ ಬಾಗಿಲು ಎಡಕ್ಕಿತ್ತು ಎನ್ನುವರು, ಮರುವಾರ ಬಲಕ್ಕೆ. ಕಾಕಾನ ಹೆಂಡತಿ ಚಾಚಿ ಚಹಾ ತಂದಿಡುತ್ತ, “ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ. ನಡುವ ಇತ್ತು. ನಿಮಗ ಆವಾಗರ ಕಣ್ಣ ಎಲ್ಲಿ ಕಾಣ್ತಿದ್ವು?” ಎಂದರು. ಮಾಡಿದ್ದೆಲ್ಲ ಮತ್ತೆ ಮೊದಲಿನಿಂದ. ನನಗೆ ಅಳುವೇ ಬಂದಿತ್ತು.

“ಕಾಕಾ, ನನಗ ಆಗಂಗಿಲ್ರಿ. ಇದಕ್ಕ ತಲಿನ ಇಲ್ಲ.”

“ನೀ ಅದಕ್ಕ ಬರೀ ಬೈಕೋಂತ ಬರಿತೀದಿ. ಗಿರಾಕಿಗೆ ಮಾತಾಡ್ಸಿದಂಗ ಮಾತಾಡ್ಸು. ಸಾಹೇಬ್ರ, ಗದ್ದ ಸ್ವಲ್ಪ ತಗ್ಗಸ್ರಿ ಅನ್ನು. ಇರಲಿ, ಇನ್ನೊಂದ ತಗೊಳ್ಳೂಣು.”

ಹಾಗೆ ಇನ್ನೊಂದು, ಮತ್ತೊಂದು ಎನ್ನುತ್ತಿರುವಾಗ ಯಂತ್ರ ಒಂದು ತುಣುಕು ಮಾಡಿತು. ಕೆಸರು ನೀರು, ಕುರ್ಚಿ, ಅದರ ಮೇಲೆ ಗೌನಿನ ಮೀನು. ಎಲ್ಲ ಸರಿಯಾಗಿತ್ತು. ದೀಪ ಮಿಂಚಿತು. ಮೀನಿಗೆ ಮನುಷ್ಯರಂಥ ರೆಪ್ಪೆ ಮೂಡಿ ಪಟ್ಟನೆ ಕಣ್ಣು ಮುಚ್ಚಿಕೊಂಡಿತು. ಇಡೀ ಚಿತ್ರ ನಿಂತಿದ್ದೇ ಮೀನು ಮಿಟುಕಿಸುವುದಿಲ್ಲ ಎಂಬುದರ ಮೇಲೆ! ನಾನು ಬೈದು ಅಳಿಸಲು ಹೋದೆ. ಕಾಕಾ ನನ್ನ ಮಣಿಕಟ್ಟು ಹಿಡಿದುಕೊಂಡರು.

“ತಡಿ ತಡಿ. ಏನಾತು? ಮಿಟಕಿಸ್ತೇನು?”

“ಹೂನ್ರಿ. ಕೆಡಿಸಿ ಇಟ್ಟೈತಿ.”

ಅವರು ಕೆಮ್ಮು ಬರುವತನಕ ನಕ್ಕರು. “ಅಲಲಲಾ! ನೀರಾಗ ಹ್ವಾದ್ರೂ ಅದ ಕಣ್ಣ ಮುಚ್ಚೂ ಗಿರಾಕಿನ ಅಲ್ಲೇನಲೇ! ಅಳಸಬ್ಯಾಡ. ಇಷ್ಟ ದಿನ ತೋರಿಸಿದ್ದೆಲ್ಲಾ ಯಾವನೋ ಸಾವಕಾರನ ಅಂಗಡಿ. ಇದ ನೋಡು ನಂದು.”

ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಬಾಗಿಲು ಯಾವ ಕಡೆಗಿದೆ ಎಂದು ಕೇಳಲೇ ಇಲ್ಲ. ಅದೇ ತುಣುಕು ಚಿತ್ರದ ಕೊನೆಯಾಯಿತು. ಅದಕ್ಕೆ ದನಿಯೂ ಅವರದೇ: ‘ಇರಲಿ, ಇನ್ನೊಂದ ತಗೊಳ್ಳೂಣು.’

ಪೂರ್ತಿ ಚಿತ್ರ ಮುಗಿಯುವಷ್ಟರಲ್ಲಿ ಎಡಗಣ್ಣೂ ಹೋಯಿತು. ಅಂಗಡಿಯ ಗೋಡೆಯ ಮೇಲೆ ಬಿಟ್ಟು ತೋರಿಸಿದಾಗ ಅವರು ಕೇಳಿಸಿಕೊಂಡರಷ್ಟೆ. ಚಾಚಿ ಪಕ್ಕದಲ್ಲಿ ಕೂತು, “ಈಗ ಮೀನ ಬಂತ್ರಿ. ಈಗ ಕುಂತಿತ್ರಿ” ಎಂದು ಹೇಳುತ್ತಿದ್ದರು.

ಚಿತ್ರವನ್ನು ಒಂದು ಚಿತ್ರೋತ್ಸವಕ್ಕೆ ಕಳಿಸಿದೆ. ಆಯ್ಕೆಯಾಗಲಿಲ್ಲ. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆಯ್ಕೆ ಮಾಡುವವರಲ್ಲೊಬ್ಬರು ಫೋನು ಮಾಡಿ, ನಿಮ್ಮಂಥ ಹಿನ್ನೆಲೆಯವರು ನಿಮ್ಮ ಜನರ ಕಷ್ಟದ ಬಗ್ಗೆ ಮಾಡಬಹುದಿತ್ತು, ಇದರಲ್ಲಿ ಸಂದೇಶವೇ ಇಲ್ಲವಲ್ಲ ಎಂದು ಬುದ್ಧಿ ಹೇಳಿದರು. ಕುರಿ ಕಾಯುವವನ ಮಗ ಅತ್ತರೆ ಮಾತ್ರ ಇವರಿಗೆ ಅರ್ಥವಾಗುತ್ತದೆ. ತಿಕ್ಕಲು ತಿಕ್ಕಲಾಗಿ ನಗುವುದು ಓದಿ ಉಂಡು ಬೆಳೆದವರ ಸೊತ್ತು! ಕಾಕಾನ ಮುಂದೆ ಕೂಗಾಡಿದೆ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು: “ಅವರ ಗೌನಿನ ಹಿಂದ ನೋಡಿಯೇನು?” ಸಿಟ್ಟು ಇಳಿಯಲಿಲ್ಲ. ಆದರೂ ನಕ್ಕೆ.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮಣ್ಣಿಗೆ ಒಯ್ಯುವಾಗ ನಾನೂ ಹೆಗಲು ಕೊಟ್ಟೆ.

ಕೆಲವು ದಿನಗಳ ಮೇಲೆ ಕಾಕಾನ ಮಗ ಬಂದ. ಅಂಗಡಿಯಲ್ಲಿ ತೂಗುಹಾಕಲು ಅವನಿಗೆ ತನ್ನ ಅಪ್ಪನದೊಂದು ಫೋಟೋ ಬೇಕಾಗಿತ್ತು. ಹುಡುಕಿದರೆ ಆಧಾರ್ ಕಾರ್ಡಿನದು ಬಿಟ್ಟು ಒಂದೂ ಇರಲಿಲ್ಲ. ಅದರಲ್ಲಿ ಅವರ ಎರಡೂ ಕಣ್ಣು ಮುಚ್ಚಿದ್ದವು.

“ನಿನ್ನ ಎಐದಾಗ ಕಣ್ಣ ತೆರಿಸಿಕೊಡೋ ಮಾರಾಯಾ.”

ಕೂತು ಮಾಡಿದೆ. ಯಂತ್ರ ಎರಡೂ ಕಣ್ಣನ್ನು ಅಗಲವಾಗಿ ತೆರೆಯಿತು, ತಿದ್ದಿ ತೀಡಿದ ಕಣ್ಣು. ಎಡಗಣ್ಣು ಅರ್ಧ ಮುಚ್ಚಿರಲಿ ಎಂದು ಬರೆದರೆ ಪೋಲಿಗಳ ಹಾಗೆ ಕಣ್ಣು ಹೊಡೆಸಿತು. ಗದ್ದ ತಗ್ಗಸ್ರಿ ಸಾಹೇಬ್ರ ಎಂದೂ ಬರೆದು ನೋಡಿದೆ. ಇದ್ದುದರಲ್ಲಿ ಚೆನ್ನಾಗಿದ್ದ ಒಂದನ್ನು ಚಾಚಿಗೆ ತೋರಿಸಿದೆ. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಸೆರಗು ಸರಿಮಾಡಿಕೊಂಡು ಕೇಳಿದರು:

“ಯಾರಪಾ ಈ ಸಾಹೇಬ್ರು?”

ಮಾಡಿದ್ದೆಲ್ಲವನ್ನೂ ಅಳಿಸಿದೆ. ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಂಸದ ಪರದೆಯ ಪಕ್ಕ ನಾನೇ ಮೊಳೆ ಹೊಡೆದು ತೂಗುಹಾಕಿದೆ. ಫೋಟೋ ತೆಗೆಸಲು ಬಂದವರು ಅದನ್ನು ನೋಡಿ, ಫೋಟೋದವರದೇ ಹಿಂಗ್ಯಾಕ ಎಂದು ನಗುತ್ತಾರೆ. ನಗುತ್ತಲೇ ಗೌನು ಹಾಕಿಕೊಂಡು ಬೆನ್ನು ತಿರುಗಿಸಿ ನಿಲ್ಲುತ್ತಾರೆ, ಮಗ ಲಾಡಿ ಕಟ್ಟುತ್ತಾನೆ.