ರೋಜಾ ಗೋವಾಕ್ಕೆ ಹೋಗದ ವರ್ಷ

ಸೊರಟೂರಿನ ಅಂದಾನಪ್ಪನವರ ಮಗಳು ರೋಜಾ ಗೋವಾದ ಫುಟ್‌ಬಾಲ್ ತಂಡ ಸೇರಿದಳು ಎಂದು ಮೊದಲು ಸುದ್ದಿ ಮಾಡಿದವನು ನಾನೇ. ಆ ಸುದ್ದಿ ಸುಳ್ಳಾಯಿತು. ಗದಗಿನ ಒಂದು ಜಿಲ್ಲಾ ಪತ್ರಿಕೆಗೆ ನಾನು ಕ್ರೀಡೆಯನ್ನೂ ಬರೆಯುತ್ತೇನೆ, ಮಾರುಕಟ್ಟೆ ಧಾರಣೆಯನ್ನೂ ಬರೆಯುತ್ತೇನೆ. ಧಾರಣೆ ತಪ್ಪಾದರೆ ಮರುದಿನ ಫೋನ್ ಬರುತ್ತದೆ, ತಿದ್ದುತ್ತೇವೆ. ಒಬ್ಬ ಹುಡುಗಿಯ ಬಗ್ಗೆ ತಪ್ಪು ಬರೆದರೆ ಅದನ್ನು ಹೇಗೆ ತಿದ್ದಬೇಕೆಂದು ನನಗೆ ಕಲಿಸಿದವಳು ರೋಜಾ.

ಅವಳು ಎಂಟನೇ ತರಗತಿಗೆ ಬೆಟಗೇರಿಗೆ ಬಂದಳು. ಅಲ್ಲಿ ಅವಳ ಸೋದರತ್ತೆ ರಾಮವ್ವನ ಮನೆಯಿತ್ತು. ಮೊದಲ ವರ್ಷವೇ ತಾಲೂಕು ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ನಾನೂರು ಮೀಟರ್ ಓಡಿ ಗೆದ್ದಳು. ಅದನ್ನು ನೋಡಿದವರಲ್ಲಿ ಅಬ್ದುಲಗನಿ ಒಬ್ಬರು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ದಿನಾ ಬೆಳಿಗ್ಗೆ ಬೆಟಗೇರಿಯ ಮೈದಾನದಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಅವರು ಮನೆಗೇ ಬಂದು ಕೇಳಿದರು.

"ನಂಗ ಓಡಾಕ ಬರತೈತಿ, ಒದಿಯಾಕ ಬರಂಗಿಲ್ರಿ" ಎಂದಳು ರೋಜಾ.

"ಒದಿಯೂದು ನಾ ಕಲಿಸ್ತೀನಿ. ಓಡೂದು ನನ್ನ ಕೈಲೆ ಕಲಿಸಾಕ ಆಗೂದಿಲ್ಲ" ಎಂದರು ಅವರು.

ಹುಡುಗಿಯರ ತಂಡ ಇರಲಿಲ್ಲ. ನಾಲ್ಕು ವರ್ಷ ಹುಡುಗರ ಜೊತೆಗೇ ಆಡಿದಳು. ಅವರು ಯಾರೂ ಅವಳಿಗೆ ಪಾಸ್ ಕೊಡುತ್ತಿರಲಿಲ್ಲ. ಕೀಪರ್‌ನ ಕೈಯಿಂದ ಜಾರಿದ್ದು, ಕಂಬಕ್ಕೆ ಬಡಿದು ಬಂದದ್ದು, ಯಾರದೋ ಕಾಲಿಗೆ ತಾಗಿ ದಿಕ್ಕು ತಪ್ಪಿದ್ದು, ಇಂಥ ಚೆಂಡುಗಳೇ ಅವಳ ಪಾಲಿಗೆ. ಚೆಂಡು ಎಲ್ಲಿ ಬೀಳುತ್ತದೆ ಎಂದು ಉಳಿದವರು ನೋಡುವಷ್ಟರಲ್ಲಿ ಅವಳು ಅಲ್ಲಿರುತ್ತಿದ್ದಳು. ಮುಂದೆ ಬೆಂಗಳೂರಿನ ನಂದಿ ಯುನೈಟೆಡ್ ಎಂಬ ಮಹಿಳಾ ತಂಡ ಅವಳನ್ನು ಕರೆದುಕೊಂಡದ್ದು ಇದೇ ಗುಣಕ್ಕೆ.

ಅಲ್ಲಿ ಮೂರನೆಯ ವರ್ಷ, ಡಿಸೆಂಬರ್ ಮುಗಿಯುವುದರೊಳಗೆ ಎಂಟು ಪಂದ್ಯಗಳಲ್ಲಿ ಒಂಬತ್ತು ಗೋಲು ಹೊಡೆದಳು. ಆಗ ಶುರುವಾಯಿತು ಗಾಳಿಸುದ್ದಿ. ಮೊಬೈಲಿನಲ್ಲಿ ಬರುವ ಒಂದು ಕ್ರೀಡಾಪುಟ ಅವಳು ಕೋಲ್ಕತ್ತಾಕ್ಕೆ ಹೋಗುತ್ತಾಳೆ ಎಂದಿತು. ವಾರ ಬಿಟ್ಟು ಕೇರಳ ಎಂದಿತು. ಸೊರಟೂರಿನಲ್ಲಿ ಅಂದಾನಪ್ಪ ಕ್ಷೌರಕ್ಕೆ ಕೂತರೆ ಅಲ್ಲೂ ಅದೇ ಮಾತು. ಶಿರಹಟ್ಟಿಯ ಬೀಗರು ದೇವೇಂದ್ರಪ್ಪ ಫೋನ್ ಮಾಡಿ, "ರೋಜಾ ಸ್ಪೇನಿಗೆ ಹೊಂಟಾಳಂತಲ್ಲ, ಪಾಸ್‌ಪೋರ್ಟ್ ಮಾಡಿಸೀರೇನು" ಎಂದು ಕೇಳಿದರಂತೆ. ನಾನು ರೋಜಾಳನ್ನೇ ಕೇಳಿದೆ.

"ನಂಗ ಗೊತ್ತಿಲ್ಲದ್ದು ಅವರಿಗೆಲ್ಲ ಗೊತ್ತೈತಿ ಸೋಮೇಶಣ್ಣ" ಎಂದಳು. "ಯಾರರ ನಂಗ ಫೋನ್ ಮಾಡಿದ್ರ ನಿಮಗ ಹೇಳ್ತೀನಿ."

ಜನವರಿ ಇಪ್ಪತ್ತೊಂಬತ್ತಕ್ಕೆ ಅಂಥ ಫೋನ್ ಬಂತು. ಗೋವಾದ ಮಾಂಡವಿ ಸ್ಟಾರ್ಸ್ ತಂಡದವರು. ದೇಶದ ಮೇಲಿನ ದರ್ಜೆಯ ಲೀಗಿನಲ್ಲಿ ಆಡುವವರು, ಅವರ ಮುಖ್ಯ ಸ್ಟ್ರೈಕರ್ ಗಾಯಗೊಂಡಿದ್ದಳು. ಆಟಗಾರ್ತಿಯರು ತಂಡ ಬದಲಿಸಲು ಮೂವತ್ತೊಂದರ ಸಂಜೆ ಐದು ಗಂಟೆಯೇ ಕೊನೆ. ರೋಜಾ ರೈಲು ಹತ್ತಿದಳು.

ಮೂವತ್ತೊಂದರ ಬೆಳಿಗ್ಗೆ ಮಡಗಾಂವಿನಲ್ಲಿ ಡಾಕ್ಟರು ಅವಳನ್ನು ಪರೀಕ್ಷೆ ಮಾಡಿ ಸರಿ ಎಂದರು. ಹಳದಿ ಜೆರ್ಸಿ ಹಾಕಿಸಿ ಫೋಟೋ ತೆಗೆದರು. ಮಧ್ಯಾಹ್ನ ಎರಡಕ್ಕೆ ಆ ಫೋಟೋ ನನಗೆ ಬಂತು, ಕೆಳಗೆ ಒಂದು ಸಾಲು: "ಸಹಿ ಆದ ಮ್ಯಾಲೆ ಹಾಕ್ರಿ, ಈಗ ಬ್ಯಾಡ." ನಾನು ಇಪ್ಪತ್ತು ನಿಮಿಷ ತಡೆದೆ. ಬೇರೆ ಯಾರಾದರೂ ಮೊದಲು ಹಾಕಿಬಿಟ್ಟಾರು ಎಂಬ ಆಸೆಬುರುಕ ಭಯ. ಎರಡೂ ಇಪ್ಪತ್ತಕ್ಕೆ ಪತ್ರಿಕೆಯ ಮೊಬೈಲ್ ಪುಟದಲ್ಲಿ ಹಾಕಿದೆ: "ಸೊರಟೂರ ಕುವರಿ ಗೋವಾ ತಂಡಕ್ಕೆ". ಮರುದಿನದ ಪತ್ರಿಕೆಗೂ ಅದನ್ನೇ ಕಳಿಸಿದೆ. ನಾಲ್ಕು ಗಂಟೆಗೆ ಸೊರಟೂರಿನ ಗೆಳೆಯರ ಬಳಗ ಫ್ಲೆಕ್ಸ್ ಮಾಡಿಸಲು ಗದಗಿಗೆ ಬಂದಾಗಿತ್ತು.

ಆ ಹೊತ್ತಿಗೆ ಮಡಗಾಂವಿನ ಕಚೇರಿಯಲ್ಲಿ ನಡೆದದ್ದನ್ನು ರೋಜಾ ಆಮೇಲೆ ನನಗೆ ಹೇಳಿದಳು.

ತಂಡ ಬದಲಿಸಬೇಕೆಂದರೆ ಎರಡೂ ತಂಡಗಳು ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತಬೇಕು. ಮಾಂಡವಿಯವರು ಒತ್ತಿದ್ದರು. ನಂದಿಯವರು ಒಂದು ಷರತ್ತು ಹಾಕಿದ್ದರು: ರೋಜಾಳ ಜಾಗಕ್ಕೆ ಬೆಳಗಾವಿಯ ರೇಷ್ಮಾ ಎಂಬ ಆಟಗಾರ್ತಿ ಬರಬೇಕು, ಅವಳ ಕಾಗದ ಆದ ಮರುಕ್ಷಣ ರೋಜಾಳನ್ನು ಬಿಡುತ್ತೇವೆ. ಅದೂ ಆಗುವುದರಲ್ಲೇ ಇತ್ತು. ಮೂರೂವರೆಗೆ ರೇಷ್ಮಾಳ ಮೊಣಕಾಲಿನ ಸ್ಕ್ಯಾನ್ ಬಂತು. ಒಳಗೆ ಬಾವು ಇದೆ, ಆರು ವಾರ ಆಡುವಂತಿಲ್ಲ ಎಂದರು ನಂದಿಯ ಡಾಕ್ಟರು.

ಮಾಂಡವಿಯ ಮ್ಯಾನೇಜರ್ ಸೀಮಾ ಕಾರವಾರದ ಕಡೆಯವರು, ಕನ್ನಡ ಬಲ್ಲವರು. "ಇನ್ನೂ ಒಂದು ಗಂಟೆ ಇದೆ, ನೀನೇ ಒಮ್ಮೆ ಮಾತಾಡಿ ನೋಡು" ಎಂದು ಫೋನ್ ಕೊಟ್ಟರು.

ರೋಜಾ ನಂದಿಯ ಕಾರ್ಯದರ್ಶಿಯ ಜೊತೆ ಮಾತಾಡಿದಳು. "ಸರ್, ಮೂರು ವರ್ಷ ನಿಮಗ ಆಡೇನಿ. ಒಂದ ಸಲ ಒತ್ತಿಬಿಡ್ರಿ."

"ನಿನ್ನ ಮೇಲೆ ಸಿಟ್ಟಿಲ್ಲಮ್ಮ" ಎಂದರು ಅವರು. "ನೀನು ಹೋದ್ರೆ ನಮಗೆ ಗೋಲ್ ಹೊಡೆಯೋರು ಒಬ್ರೂ ಇರಲ್ಲ. ಉಳಿದ ಇಪ್ಪತ್ತು ಹುಡುಗಿಯರಿಗೆ ನಾನೇನು ಹೇಳಲಿ?"

ಆ ಮಾತು ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಸೀಮಾ ಮತ್ತೆರಡು ಕಡೆ ಫೋನ್ ಮಾಡಿದರು, ಬದಲಿ ಆಟಗಾರ್ತಿ ಸಿಗಲಿಲ್ಲ. ಐದಾಯಿತು. ಪರದೆಯ ಮೇಲಿನ ಹಸಿರು ಗುಂಡಿ ಬೂದಿ ಬಣ್ಣಕ್ಕೆ ತಿರುಗಿತು.

ಕಾಯುತ್ತಿದ್ದಾಗ ಮೇಜಿನ ಮೇಲೆ ತನ್ನ ಹೆಸರಿದ್ದ ಒಂದು ಹಾಳೆಯನ್ನು ರೋಜಾ ನೋಡಿದ್ದಳು. ಅವಳ ಆಟ ನೋಡಲು ಬಂದಿದ್ದವರು ಬರೆದ ಟಿಪ್ಪಣಿ. ವೇಗಕ್ಕೆ, ಚೆಂಡಿನ ವಾಸನೆ ಹಿಡಿಯುವ ಗುಣಕ್ಕೆ ಹೊಗಳಿಕೆಯಿತ್ತು. ಕೊನೆಯಲ್ಲಿ, ಎಡಗಾಲು ನಂಬುವಂತಿಲ್ಲ, ಬಲಗಾಲಿಗೆ ದಾರಿ ಮುಚ್ಚಿದರೆ ಇವಳನ್ನು ತಡೆಯಬಹುದು ಎಂದಿತ್ತು. ಅವಳು ಜೆರ್ಸಿ ಬಿಚ್ಚಿ, ಮಡಚಿ ಮೇಜಿನ ಮೇಲಿಟ್ಟು, "ಈ ಹಾಳಿ ನನಗ ಕೊಡ್ತೀರೇನ್ರಿ" ಎಂದು ಕೇಳಿದಳು.

"ಅದು ನಮ್ಮ ಒಳಗಿನ ಕಾಗದ" ಎಂದರು ಸೀಮಾ. ಆಮೇಲೆ ಅವರೇ ಅದನ್ನು ಎತ್ತಿ ಅವಳ ಕೈಗಿಟ್ಟರು.

ಮರುದಿನ ಮಧ್ಯಾಹ್ನ ಗದಗ ಸ್ಟೇಷನ್ನಿಗೆ ಹೋದೆ. ಕ್ಷಮೆ ಕೇಳಬೇಕಿತ್ತು. ಸಹಿ ಆಗಲಿಲ್ಲ ಎಂಬ ಅವಳ ಸಂದೇಶ ನನಗೆ ತಲುಪುವಷ್ಟರಲ್ಲಿ ಬೆಳಗಿನ ಪತ್ರಿಕೆ ಅಚ್ಚಾಗಿ ಊರೂರಿಗೆ ಹೋಗಿತ್ತು, ಲಕ್ಷ್ಮೇಶ್ವರದಿಂದ ಮುಂಡರಗಿಯವರೆಗೆ ಓದಿಯಾಗಿತ್ತು. ರೋಜಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಇಳಿದಳು. ಕಣ್ಣು ಬಾತಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

"ತಪ್ಪಾತು ರೋಜಾ. ನೀ ಬ್ಯಾಡ ಅಂದಿದ್ದಿ."

"ಅಂದಿದ್ದೆ."

"ನಾಳೆ ಒಂದು ಸಣ್ಣ ತಿದ್ದುಪಡಿ ಹಾಕ್ತೀನಿ, ಒಳಗಿನ ಪುಟದಾಗ."

ಅವಳು ನಿಂತಳು. "ಸಣ್ಣದು ಬ್ಯಾಡ್ರಿ. ಹೋಗ್ತಾಳ ಅಂತ ಎಷ್ಟು ದೊಡ್ಡದು ಹಾಕಿದ್ರಿ, ಹೋಗಲಿಲ್ಲ ಅಂತನೂ ಅಷ್ಟ ದೊಡ್ಡದು ಹಾಕ್ರಿ. ಅದ ಪುಟ, ಅದ ಜಾಗಾ. ಇಲ್ಲಂದ್ರ ನಮ್ಮಪ್ಪ ಒಬ್ಬೊಬ್ಬರಿಗೂ ನಿಂತು ಹೇಳಬೇಕಾಗತೈತಿ. ಒಂದ ಸಲ ಎಲ್ಲಾರಿಗೂ ಗೊತ್ತಾಗಿಬಿಡ್ಲಿ."

ಸಂಪಾದಕರು ಒಪ್ಪಲಿಲ್ಲ. ಆಗದೇ ಹೋದದ್ದಕ್ಕೆ ನಾಲ್ಕು ಕಾಲಂ ಯಾರು ಕೊಡುತ್ತಾರೆ ಎಂದರು. ತಪ್ಪು ನನ್ನದು, ಅವಳು ತಡೆಯೆಂದರೂ ನಾನು ತಡೆಯಲಿಲ್ಲ ಎಂದು ವಿವರಿಸಿ ಹೇಳಿದ ಮೇಲೆ ಜಾಗ ಬಿಟ್ಟರು. "ರೋಜಾ ಗೋವಾಕ್ಕೆ ಹೋಗಲಿಲ್ಲ" ಎಂದು ಅದೇ ಅಳತೆಯ ಅಕ್ಷರದಲ್ಲಿ ಬಂತು, ನನ್ನ ತಪ್ಪೂ ಕೆಳಗೆ ಬಂತು.

ಅವಳು ರೈಲಿಳಿದ ದಿನ ಸಂಜೆ ಊರು ಮುಟ್ಟುವಷ್ಟರಲ್ಲಿ ಸೊರಟೂರಿನ ಬಸ್ ನಿಲ್ದಾಣದ ಬೇವಿನ ಮರಕ್ಕೆ ಫ್ಲೆಕ್ಸ್ ಆಗಲೇ ಏರಿತ್ತು. ಹಳದಿ ಜೆರ್ಸಿಯ ರೋಜಾ, ಸುತ್ತಲೂ ಅಭಿನಂದಿಸುವವರ ಮುಖಗಳು. ಬಸ್ಸಿನಿಂದ ಇಳಿದವಳು ಅದನ್ನು ನೋಡಿದಳು. ಪೇಢೆ ಹಂಚಿ ಬಂದಿದ್ದ ಅಂದಾನಪ್ಪ ಮಗಳ ಬ್ಯಾಗು ತೆಗೆದುಕೊಂಡು, "ಇರಲಿ ಬಿಡವ್ವ, ಗಾಳಿಗೆ ತಾನ ಹರೀತೈತಿ" ಎಂದರು.

"ಹರಿಯೂತನ ದಿನಾ ನೋಡ್ಬೇಕಲ್ಲಪ್ಪಾ" ಎಂದು ಅವಳು ಅಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಹಗ್ಗ ಬಿಚ್ಚಿದಳು. ಅಂಗಡಿ ಮುಂದೆ ಕೂತವರು ನೋಡುತ್ತಲೇ ಇದ್ದರು. ಒಬ್ಬರು ಎದ್ದು ಬಂದು ಇನ್ನೊಂದು ತುದಿ ಹಿಡಿದರು. ಮನೆಯಲ್ಲಿ ತಾಯಿ ದೇವವ್ವ ಫ್ಲೆಕ್ಸ್ ಅನ್ನು ಬೋರಲು ಹಾಕಿ ಅಂಗಳದಲ್ಲಿ ಹಾಸಿ ಮೆಣಸಿನಕಾಯಿ ಹರವಿದಳು. ಅವತ್ತು ಮನೆಯಲ್ಲಿ ಫುಟ್‌ಬಾಲ್ ಮಾತು ಬರಲಿಲ್ಲ. ಉಂಡ ಮೇಲೆ ಮಗಳ ತಲೆಗೆ ಎಣ್ಣೆ ಹಚ್ಚುತ್ತ ದೇವವ್ವ ಕೇಳಿದ್ದು ಒಂದೇ ಮಾತು, "ಬೆಂಗಳೂರಿಗೆ ಮತ್ತ ಹೆಂಗ ಹೋಗ್ತಿ?"

"ಬಸ್ಸಿಗೆ" ಎಂದಳಂತೆ ರೋಜಾ.

ಆದರೆ ಮೊದಲು ಬೆಟಗೇರಿಗೆ ಬಂದಳು. ಅಬ್ದುಲಗನಿ ಹಾಳೆಯನ್ನು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. "ಖರೆ ಬರದಾರ. ಹುಡುಗರ ಜೋಡಿ ಆಡುವಾಗ ಬಲಗಾಲಲೇ ಕೆಲಸ ಆಗ್ತಿತ್ತು, ನಾನೂ ಬಿಟ್ಟುಬಿಟ್ಟೆ. ಅದು ನನ್ನ ತಪ್ಪು."

ಅವರು ಅವಳ ಎಡಗಾಲಿಗೆ ಬೂಟು, ಬಲಗಾಲಿಗೆ ರಬ್ಬರ್ ಚಪ್ಪಲಿ ಹಾಕಿಸಿದರು. ಬಲಗಾಲಲ್ಲಿ ಒದ್ದರೆ ಚೆಂಡಿಗಿಂತ ಮುಂಚೆ ಚಪ್ಪಲಿ ಹಾರಬೇಕು. ನಾಲ್ಕು ದಿನ, ದಿನಕ್ಕೆ ಇನ್ನೂರು ಒದೆತ. ನಾನೂ ಒಂದು ಬೆಳಿಗ್ಗೆ ಹೋಗಿದ್ದೆ. ಮೊದಲ ಐವತ್ತು ಚೆಂಡು ಗೋಲಿನ ಹತ್ತಿರವೂ ಹೋಗಲಿಲ್ಲ. ಬೆಳಗಿನ ವಿಹಾರಕ್ಕೆ ಬಂದವರು ನಿಂತು ನಕ್ಕರು. ಅವಳು ಚೆಂಡು ಹೆಕ್ಕಿ ತಂದು ಮತ್ತೆ ಸಾಲಾಗಿ ಇಟ್ಟಳು.

ಬೆಂಗಳೂರಿನಲ್ಲಿ ಅವಳಿಗೆ ಸ್ವಾಗತವೇನೂ ಸಿಗಲಿಲ್ಲ. ಹೊರಟವಳು ತಿರುಗಿ ಬಂದಿದ್ದಾಳೆ ಎಂಬ ಮಾತು ಡ್ರೆಸಿಂಗ್ ರೂಮಿನಲ್ಲಿತ್ತು. ಕೋಚ್ ಕೇಳಿದರು, "ಮನಸ್ಸು ಎಲ್ಲಿದೆ ರೋಜಾ?"

"ಮನಸ್ಸು ಬರಾಕ ಇನ್ನಷ್ಟು ದಿನ ಹಿಡೀತೈತಿ ಸರ್. ಕಾಲು ಇಲ್ಲೇ ಅದಾವ" ಎಂದಳು.

ನಾಲ್ಕು ಪಂದ್ಯ ಅವಳನ್ನು ಹೊರಗೇ ಕೂರಿಸಿದರು. ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಅವಳು ಗೋಡೆಗೆ ಎಡಗಾಲಲ್ಲಿ ಚೆಂಡು ಬಡಿಯುತ್ತಿದ್ದಳು. ಐದನೆಯ ಪಂದ್ಯದಲ್ಲಿ ನಂದಿ ಒಂದು ಗೋಲು ಹಿಂದಿದ್ದಾಗ, ಇಪ್ಪತ್ತೈದು ನಿಮಿಷ ಉಳಿದಿದ್ದಾಗ ಒಳಗೆ ಬಿಟ್ಟರು. ಎದುರಿನ ಡಿಫೆಂಡರ್ ಅವಳ ಬಲಗಾಲಿನ ದಾರಿ ಮುಚ್ಚಿ ನಿಂತಳು. ರೋಜಾ ಎಡಗಾಲಲ್ಲಿ ಹೊಡೆದಳು, ಚೆಂಡು ಗೋಲಿನ ಅಡ್ಡಪಟ್ಟಿಯ ಮೇಲಿಂದ ಹಾರಿತು. ಎರಡನೆಯದು ಕೀಪರ್‌ನ ಎದೆಗೆ. ಮೂರನೆಯದು ಕಂಬದ ಒಳಮೈಗೆ ತಾಗಿ ಒಳಹೋಯಿತು. ಪಂದ್ಯ ಸಮವಾಯಿತು. ಯಾರೂ ಅವಳನ್ನು ಹೆಗಲ ಮೇಲೆ ಎತ್ತಲಿಲ್ಲ, ಆದರೆ ಮುಂದಿನ ಪಂದ್ಯಕ್ಕೆ ಮೊದಲ ಹನ್ನೊಂದರಲ್ಲಿ ಹೆಸರಿತ್ತು. ಋತು ಮುಗಿಯುವಾಗ ಇನ್ನೂ ಏಳು ಗೋಲು ಸೇರಿದ್ದವು, ಮೂರು ಎಡಗಾಲಿನವು. ಕೆಳಗಿನ ದರ್ಜೆಗೆ ಇಳಿಯಬೇಕಿದ್ದ ನಂದಿ ಎರಡು ಅಂಕದಲ್ಲಿ ಉಳಿದುಕೊಂಡಿತು. ಕಾರ್ಯದರ್ಶಿ ಬಂದು ಅವಳ ಕೈ ಕುಲುಕಿ, "ಮುಂದಿನ ಸಲ ನಾನು ಅಡ್ಡ ಬರಲ್ಲ" ಎಂದರು. ಅವಳು ಅದನ್ನು ಬರಹದಲ್ಲಿ ಕೇಳಿದಳು. ಕೊಟ್ಟರು.

ಮಾಂಡವಿಯವರು ಮತ್ತೆ ಕರೆಯಲಿಲ್ಲ. ಬೇಸಿಗೆಯಲ್ಲಿ ಬೇರೊಬ್ಬಳನ್ನು ತೆಗೆದುಕೊಂಡರು. ಸುದ್ದಿ ನನಗೆ ಮೊದಲು ಸಿಕ್ಕಿತ್ತು, ಹೇಳಲೋ ಬೇಡವೋ ಎಂದು ಕೂತಿದ್ದೆ. ಅವಳೇ ಫೋನ್ ಮಾಡಿ, "ಗೋವಾದ್ದು ಮುಗೀತು, ನೀವು ಮನಸಿಗೆ ಹಚ್ಕೋಬ್ಯಾಡ್ರಿ" ಎಂದಳು. ಫೋನ್ ಇಡುವ ಮೊದಲು, ಆ ಹಳದಿ ಬಣ್ಣ ತನಗೆ ಚೆನ್ನಾಗಿ ಒಪ್ಪುತ್ತಿತ್ತು ಎಂದಳು, ಅಷ್ಟೇ.

ಆ ವರ್ಷ ಮತ್ತೆ ತಂಡ ಬದಲಿಸುವ ಅವಧಿ ಶುರುವಾಗುವ ಹದಿನೈದು ದಿನ ಮೊದಲು ಭುವನೇಶ್ವರದ ಒಂದು ತಂಡ ಕರೆಯಿತು. ಅದೂ ಮೇಲಿನ ದರ್ಜೆಯದೇ. ರೋಜಾ ಅವರಿಗೆ ಹೇಳಿದ್ದು ಇಷ್ಟು: ಕೊನೆಯ ದಿನ ಅಲ್ಲ, ಮೊದಲ ದಿನ. ಎರಡೂ ಕಡೆಯ ಒಪ್ಪಿಗೆ ಬೀಳುವತನಕ ತಾನು ರೈಲು ಹತ್ತುವುದಿಲ್ಲ, ಯಾವ ಜೆರ್ಸಿಯನ್ನೂ ಹಾಕುವುದಿಲ್ಲ. ಮೊದಲ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕೆಲಸ ಮುಗಿಯಿತು. ನನಗೆ ಫೋಟೋ ಬರಲಿಲ್ಲ, ಮುದ್ರೆ ಬಿದ್ದ ಪತ್ರ ಬಂತು. "ಈಗ ಬರೀರಿ" ಎಂದಿದ್ದಳು. ನಾನು ಪತ್ರದ ತಾರೀಖು, ಸಹಿ ಎಲ್ಲ ನೋಡಿ, ಎರಡೂ ತಂಡಗಳಿಗೆ ಫೋನ್ ಮಾಡಿ, ಆಮೇಲೆ ಬರೆದೆ.

ಹೊಸ ತಂಡದ ಮೊದಲ ಪಂದ್ಯವನ್ನು ಅಂದಾನಪ್ಪ, ದೇವವ್ವ ಸೊರಟೂರಿನ ಕಟ್ಟೆಯ ಮೇಲೆ ಮೊಬೈಲಿನಲ್ಲಿ ನೋಡಿದರು. ಜೊತೆಗೆ ನಾನೂ ಇದ್ದೆ. ಅವಳು ಗೋಲು ಹೊಡೆಯಲಿಲ್ಲ, ತಂಡ ಸೋತಿತು. ದೇವವ್ವ ತಾನೇ ಫೋನ್ ಹಚ್ಚಿಸಿ, "ಯಾಕವ್ವ, ಮೈಯಾಗ ಹುಷಾರಿಲ್ಲೇನು?" ಎಂದಳು.

"ಹುಷಾರ ಅದೇನಿ ಬೇ" ಎಂದಿತು ಆ ಕಡೆಯ ದನಿ. "ಇನ್ನ ಹದಿಮೂರು ಮ್ಯಾಚ್ ಅದಾವ."